ಬಣ್ಣದ ಚಿಕ್ಕಮ್ಮನ ಬಯಲು ಕಚೇರಿ

ಬಣ್ಣದ ಚಿಕ್ಕಮ್ಮನನ್ನು ಮನೆಯಿಂದ ಯಾರೂ ಹೊರಗೆ ಹಾಕಲಿಲ್ಲ. ಆಕೆಯೇ ಹೊರಟಳು. ಲ್ಯಾಪ್‌ಟಾಪನ್ನು ಕಂಕುಳಲ್ಲಿ ಅವುಚಿಕೊಂಡು, ಚಾರ್ಜರಿನ ವಯರನ್ನು ಮುಂಗೈಗೆ ಸುತ್ತಿಕೊಂಡು, ರಾಜ್ಯವನ್ನೇ ಬಿಟ್ಟುಕೊಟ್ಟವಳ ಗತ್ತಿನಲ್ಲಿ ಮಾಳಿಗೆಯ ಮೆಟ್ಟಿಲು ಹತ್ತಿದಳು.

ಆಕೆಯ ಕೆಲಸ ಫೋಟೋಗಳ ಬಣ್ಣ ಸರಿಮಾಡುವುದು. ಚಿಕ್ಕ ವಯಸ್ಸಿನಲ್ಲಿ, ಕಪ್ಪು ಬಿಳುಪಿನ ಫೋಟೋಗಳಿಗೆ ಸಣ್ಣ ಕುಂಚದಲ್ಲಿ ಕೆನ್ನೆಗಿಷ್ಟು, ತುಟಿಗಿಷ್ಟು ಅಂತ ಬಣ್ಣ ಹಚ್ಚುತ್ತ ಸ್ಟುಡಿಯೊ ಸೇರಿದವಳು. ಕಾಲ ಕುಂಚವನ್ನು ಕಿತ್ತುಕೊಂಡು ಕಂಪ್ಯೂಟರ್ ಕೊಟ್ಟಿತು. ಅದನ್ನೂ ಯಾರ ಕಾಲಿಗೂ ಬೀಳದೆ ಕಲಿತಳು. ಕೆಡಿಸಿ ಕೆಡಿಸಿಯೇ ಕಲಿತಳು ಅನ್ನಿ. ಬೀದಿಯಲ್ಲಿ ಆಕೆಯನ್ನು ಹುಟ್ಟಿದ ಹೆಸರಿನಿಂದ ಕರೆಯುವವರು ಯಾರೂ ಉಳಿದಿಲ್ಲ. ದೊಡ್ಡವರಿಗೂ ಚಿಕ್ಕವರಿಗೂ ಆಕೆ ಚಿಕ್ಕಮ್ಮನೇ.

ಆಕೆಗೆ ಒಂದು ಅಭ್ಯಾಸ. ಕೆಲಸ ಮಾಡುವಾಗ ಫೋಟೋದೊಳಗಿನವರ ಜೊತೆ ಮಾತಾಡಬೇಕು. "ಏನಪ್ಪಾ, ನಿನ್ನ ಮದುವೇಲಿ ನೀನೇ ಹೀಗೆ ಮುಖ ಗಂಟು ಹಾಕ್ಕೊಂಡ್ರೆ ಹೇಗೆ?" ಎಂದು ಮದುಮಗನನ್ನು ಗದರುತ್ತಾಳೆ. "ಅಯ್ಯೋ ತಾಯಿ, ಪೌಡರು ಕುತ್ತಿಗೇಗೂ ಒಂಚೂರು ಹಚ್ಚಬಾರದಿತ್ತಾ?" ಎಂದು ಯಾರದೋ ಅತ್ತಿಗೆಯನ್ನು ಕೇಳುತ್ತಾಳೆ. ಈ ಮಾತು ಗಿರಾಕಿಗಳ ಕಿವಿಗೆ ಬೀಳಬಾರದೆಂದು ಸ್ಟುಡಿಯೊದ ಕೆಲಸವನ್ನು ಮನೆಗೇ ತರುತ್ತಾಳೆ. ಮನೆಯಲ್ಲಿ ಮೇಜಿರುವುದು ಒಂದೇ ಕೋಣೆಯಲ್ಲಿ. ಅದೇ ಕೋಣೆಯಲ್ಲಿ ಸೊಸೆ ಹಗಲು ಮಲಗುತ್ತಾಳೆ. ಆಸ್ಪತ್ರೆಯಲ್ಲಿ ರಾತ್ರಿಪಾಳಿಯ ನರ್ಸು ಅವಳು. ಪಾಪ, ಒಳ್ಳೆಯ ಹುಡುಗಿ, ತಿಂಗಳುಗಟ್ಟಲೆ ತುಟಿ ಬಿಚ್ಚಲಿಲ್ಲ. ಒಂದು ಬೆಳಿಗ್ಗೆ ಮಾತ್ರ ಹೊದಿಕೆಯ ಒಳಗಿಂದಲೇ ಕೇಳಿದಳು:

"ಅತ್ತೆ, ಆ ಕಪ್ಪು ಕೋಟಿನವರ ಕಣ್ಣ ಕೆಳಗಿನ ಊತ ತೆಗೆದಾಯ್ತಾ?"

"ಇನ್ನೊಂದು ಕಣ್ಣು ಬಾಕಿ ಇದೆ ಕಣೆ."

"ಅದನ್ನೂ ತೆಗೆದುಬಿಡಿ. ಆಮೇಲೆ ನಾನು ಒಂಚೂರು ಮಲಗ್ತೀನಿ."

ಅಷ್ಟೇ. ಚಿಕ್ಕಮ್ಮನಿಗೆ ಅಷ್ಟು ಸಾಕಾಯಿತು.

ಆಕೆ ಹೊರಗೆ ಹೊರಟದ್ದು ಒಳ್ಳೆಯ ಹೊತ್ತಿನಲ್ಲೇನೂ ಅಲ್ಲ. ಅದೇ ವಾರ ಸ್ಟುಡಿಯೊ ಯಜಮಾನ ತನ್ನ ಕಂಪ್ಯೂಟರಿಗೆ ಹೊಸದೊಂದು ಗುಂಡಿ ತರಿಸಿದ್ದ. ಅದನ್ನು ಒಂದು ಸಲ ಒತ್ತಿದರೆ ನೂರು ಫೋಟೋಗಳ ಬಣ್ಣ ತಾನಾಗಿಯೇ ಸರಿಹೋಗುತ್ತದಂತೆ. ಯಜಮಾನ ಕೆಟ್ಟವನಲ್ಲ, ಅವನ ಅಪ್ಪನ ಕಾಲದಿಂದ ಚಿಕ್ಕಮ್ಮ ಅಲ್ಲಿದ್ದವಳು, ಅವನು ತೊಟ್ಟಿಲಲ್ಲಿದ್ದಾಗಿನ ಫೋಟೋಗೂ ಕೆನ್ನೆಗೆ ಬಣ್ಣ ಹಚ್ಚಿದವಳು. ಅದಕ್ಕೇ ತಲೆ ಕೆರೆದುಕೊಳ್ಳುತ್ತ ಹೇಳಿದ:

"ಈ ಮದುವೆ ಆಲ್ಬಮ್ಮು ನೀವೇ ಮಾಡಿ ಚಿಕ್ಕಮ್ಮ. ನೆಟ್ಟಗೆ ಬಂತು ಅಂದ್ರೆ ಕೆಲಸ ನಿಮ್ಮದೇ, ನಾನು ಮಾತಾಡಲ್ಲ. ಕೈಕೊಡ್ತು ಅಂದ್ರೆ ಮುಂದೆ ಗುಂಡಿಗೇ ಬಿಟ್ಟುಬಿಡೋಣ."

"ಗುಂಡಿ ಶರಟಿಗೆ ಹಾಕ್ಕೋ," ಎಂದು ಚಿಕ್ಕಮ್ಮ ಎದ್ದು ಬಂದಿದ್ದಳು. ಆ ಕೆಲಸ ಹೋದರೆ ಊಟಕ್ಕೇನೂ ತೊಂದರೆಯಿಲ್ಲ. ಆದರೆ ಬೆಳಿಗ್ಗೆ ಎದ್ದು ಯಾರ ಜೊತೆ ಜಗಳವಾಡುವುದು?

ಮಾಳಿಗೆಯ ಮೇಲೆ ಲ್ಯಾಪ್‌ಟಾಪ್ ತೆರೆದರೆ ಪರದೆ ಬಾಣಲೆಯ ತಳದ ಹಾಗೆ ಕಪ್ಪಗಿತ್ತು. ಅದರಲ್ಲಿ ಮದುಮಗಳಿಲ್ಲ, ಮದುಮಗನಿಲ್ಲ. ಇದ್ದದ್ದು ಚಿಕ್ಕಮ್ಮನ ಮುಖವೊಂದೇ. ಬಿಸಿಲಿಗೆ ಬೆನ್ನು ಹಾಕಿದರೆ ಬಿಸಿಲು ಹೆಗಲ ಮೇಲಿಂದ ಹಾರಿ ಪರದೆಗೆ ಬೀಳುತ್ತಿತ್ತು. ಮುಖ ಮಾಡಿದರೆ ಕಣ್ಣೇ ಬಿಡಲಾಗುತ್ತಿರಲಿಲ್ಲ. ಬೆಳಕು ಹೆಚ್ಚಿಸಿದಳು, ಬ್ಯಾಟರಿ ಬಾಯಾರಿದವರು ನೀರು ಕುಡಿದ ಹಾಗೆ ಖಾಲಿಯಾಯಿತು. ತೊಟ್ಟಿದ್ದ ತಿಳಿಹಳದಿ ಬಟ್ಟೆಯೇ ಗಾಜಿನಲ್ಲಿ ಫಳಫಳ ಹೊಳೆಯುತ್ತಿದೆ ಅಂತ ಗೊತ್ತಾಗಿ ಕಪ್ಪು ಶಾಲು ಹೊದ್ದಳು. ಈಗ ಪರದೆ ಕಂಡಿತು, ಆದರೆ ಆ ಬೇಗೆಯಲ್ಲಿ ಚಿಕ್ಕಮ್ಮ ಬೆಂದುಹೋದಳು. ನೀರಿನ ಟ್ಯಾಂಕಿನ ನೆರಳು ಸರಿದ ಹಾಗೆಲ್ಲ ಆಕೆಯೂ ಸರಿಯುತ್ತ, ಮಧ್ಯಾಹ್ನದೊಳಗೆ ಟ್ಯಾಂಕಿಗೆ ಅರ್ಧ ಸುತ್ತು ಹಾಕಿಬಿಟ್ಟಿದ್ದಳು. ಕೊನೆಗೆ ಲ್ಯಾಪ್‌ಟಾಪೇ ತಲೆಸುತ್ತಿ ಬಿದ್ದವರ ಹಾಗೆ ತನ್ನಷ್ಟಕ್ಕೆ ಕಣ್ಣು ಮುಚ್ಚಿತು.

ಮರುದಿನ ಪಾರ್ಕಿನ ಮರದಡಿಯ ಬೆಂಚು. ನೆರಳೇನೋ ತಂಪು. ಆದರೆ ಎಲೆಯ ಸಂದಿಯಿಂದ ಇಳಿದ ಬಿಸಿಲ ಚುಕ್ಕಿಗಳು ಪರದೆಯ ಮೇಲೆ ಕುಣಿದು, ಮದುಮಗಳ ಮುಖಕ್ಕೆ ಸಿಡುಬು ಎದ್ದ ಹಾಗೆ ಕಾಣುತ್ತಿತ್ತು. ಇರುವೆಗಳು ಕೀಲಿಗಳ ನಡುವೆ ಸಾಲುಗಟ್ಟಿದವು. ಮೇಲಿಂದ ಹಕ್ಕಿಯೊಂದು ಗುರಿಯಿಟ್ಟು ಹಿಕ್ಕೆ ಹಾಕಿತು. ಇವೆಲ್ಲಕ್ಕಿಂತ ದೊಡ್ಡ ಕಾಟ ಮನುಷ್ಯರದ್ದು. ವಾಕಿಂಗ್ ಬಂದ ನಿವೃತ್ತ ಮೇಷ್ಟ್ರೊಬ್ಬರು ಬೆನ್ನ ಹಿಂದೆ ನಿಂತು, "ಆ ಮೂಗು ಸ್ವಲ್ಪ ತೆಳ್ಳಗೆ ಮಾಡಮ್ಮ," ಅಂದರು.

"ಅದು ಅವರಪ್ಪ ಕೊಟ್ಟ ಮೂಗು ಸ್ವಾಮಿ. ನಿಮ್ಮ ಮೂಗು ಇಲ್ಲಿ ಯಾಕೆ?"

ಮೇಷ್ಟ್ರು ಹೋದರು, ಬ್ಯಾಟರಿಯೂ ಹೋಯಿತು.

ಹೀಗೆ ಬೀದಿ ಸುತ್ತಿ ಸುತ್ತಿ ಆಕೆ ಬಂದು ನಿಂತದ್ದು ವಾಚ್ ರಿಪೇರಿ ಅಣ್ಣನ ಹತ್ತಿರ. ಸ್ಟುಡಿಯೊದಿಂದ ನಾಲ್ಕು ಅಂಗಡಿ ಆಚೆ, ಫುಟ್‌ಪಾತಿನ ಮೂಲೆಯಲ್ಲಿ, ದೊಡ್ಡದೊಂದು ಕೆಂಪು ಕೊಡೆಯ ಕೆಳಗೆ ಅವನ ಗಾಜಿನ ಪೆಟ್ಟಿಗೆ. ಹಿಂದಿನ ಅಂಗಡಿಯಿಂದ ಎಳೆದ ಕರೆಂಟು. ಮೂರು ಕಡೆ ಪ್ಲಾಸ್ಟಿಕ್ ಮರೆ, ಗಾಳಿಯೂ ಇಲ್ಲ, ದೂಳೂ ಇಲ್ಲ. ಅವನು ಒಂದು ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು, ಇನ್ನೊಂದು ಕಣ್ಣಿನಲ್ಲಿ ಆಕೆಯನ್ನು ನೋಡಿದ.

"ಬನ್ನಿ ಚಿಕ್ಕಮ್ಮ. ಮನೇಲಿ ಜಾಗ ಇಲ್ಲ, ಮಾಳಿಗೇಲಿ ನೆರಳಿಲ್ಲ, ಪಾರ್ಕಲ್ಲಿ ಮರ್ಯಾದೆ ಇಲ್ಲ. ಇನ್ನು ಉಳಿದಿರೋದು ನಾನೇ."

"ನಿನ್ನ ಬಾಯಿಗೂ ಒಂದು ಕೀಲಿ ಹಾಕೋ ಹಾಗಿದ್ರೆ ಚೆನ್ನಾಗಿತ್ತು ಕಣಣ್ಣ," ಎಂದು ಚಿಕ್ಕಮ್ಮ ಅವನ ಪಕ್ಕದ ಸ್ಟೂಲನ್ನು ಎಳೆದುಕೊಂಡಳು.

ಕೊಡೆಯ ಕೆಳಗೆ ಎಲ್ಲವೂ ಹೇಳಿ ಮಾಡಿಸಿದ ಹಾಗಿತ್ತು. ಪರದೆ ನಿಚ್ಚಳ, ಕರೆಂಟಿಗೆ ಬರವಿಲ್ಲ, ಮಾತಾಡಿದರೆ ಬೇಡ ಅನ್ನುವವರಿಲ್ಲ. ಆ ವಾರವೆಲ್ಲ ಆಕೆ ಫೋಟೋದವರನ್ನು ಬೈದಳು, ಅಣ್ಣ ಗಡಿಯಾರಗಳನ್ನು ಬೈದ. ಒಂದೇ ಒಂದು ಕಿರಿಕಿರಿ. ಈ ಮದುವೆಯವರೆಲ್ಲ ಯಾಕೋ ಸಿಕ್ಕಾಪಟ್ಟೆ ಕೆಂಪು. "ಏನು ಬಿಸಿಲಲ್ಲಿ ನಿಂತು ಮದುವೆ ಆದ್ರೇನ್ರೋ? ಎಲ್ಲ ಟೊಮೇಟೊ ಆಗಿದ್ದೀರಲ್ಲ," ಎನ್ನುತ್ತ ಒಬ್ಬೊಬ್ಬರ ಮುಖದಿಂದಲೂ ಕೆಂಪನ್ನು ತೆಗೆದಳು. ಸಾಲಲಿಲ್ಲ ಅನ್ನಿಸಿದಲ್ಲಿ ಇನ್ನೊಂದು ಕೈ ತೆಗೆದಳು. ಆಲ್ಬಮ್ ಮುಗಿಸಿ ಕಳಿಸಿದ ದಿನ ಕಾಲು ಚಾಚಿ ಕೂತು, "ಈಗ ಬರಲಿ ಆ ಗುಂಡಿ," ಅಂದಳು.

ಮರುದಿನ ಬೆಳಿಗ್ಗೆ ಸ್ಟುಡಿಯೊದಿಂದ ಫೋನು. ಯಜಮಾನನ ದನಿಯಲ್ಲಿ ಸಿಟ್ಟಿರಲಿಲ್ಲ. ಅದೇ ಹೆಚ್ಚು ಭಯ ಹುಟ್ಟಿಸಿತು.

"ಚಿಕ್ಕಮ್ಮ, ಆ ಮದುವೆ ಊಟದಲ್ಲಿ ಏನಾದ್ರೂ ವಿಷ ಗಿಷ ಬೆರೆತಿತ್ತಾ?"

ಓಡಿ ಹೋಗಿ ನೋಡಿದರೆ, ಅಚ್ಚಾಗಿ ಬಂದ ಫೋಟೋಗಳಲ್ಲಿ ಮದುವೆ ಮನೆಯೆಲ್ಲ ಹಸಿರು. ಮದುಮಗ ಎಳೆ ಸೌತೆಕಾಯಿ. ಅವನ ಪಕ್ಕ ಮದುಮಗಳು ಪಾಚಿಗಟ್ಟಿದ ಗೊಂಬೆ. ನಗುತ್ತಿದ್ದ ನೆಂಟರೆಲ್ಲ ಹೊಟ್ಟೆ ತೊಳಸಿ ಇನ್ನೇನು ಹೊರಗೋಡಬೇಕು ಅನ್ನುವ ಹಾಗಿದ್ದರು.

"ನಿನ್ನ ಪ್ರಿಂಟರಿನ ಶಾಯಿ ಕೆಟ್ಟಿದೆ," ಎಂದಳು ಚಿಕ್ಕಮ್ಮ, ಉಸಿರು ತೆಗೆದುಕೊಳ್ಳದೆ.

"ನಿನ್ನೆ ತಾನೇ ಹೊಸದು ಹಾಕಿದ್ದೀನಿ."

"ಹಾಗಾದ್ರೆ ಕಾಗದ ಕೆಟ್ಟಿದೆ."

"ಚಿಕ್ಕಮ್ಮಾ..."

"ನಾನು ಮಾಡಿದ್ದು ಹೀಗಲ್ಲ! ಬಾ, ತೋರಿಸ್ತೀನಿ." ಫೋಟೋ ಹಿಡಿದುಕೊಂಡು ಯಜಮಾನನನ್ನು ಎಳೆದುಕೊಂಡೇ ಹೋದಳು. ಕೊಡೆಯ ಕೆಳಗೆ ಕೂತು, ಲ್ಯಾಪ್‌ಟಾಪ್ ತೆರೆದು, ಪಕ್ಕದಲ್ಲಿ ಫೋಟೋ ಇಟ್ಟಳು. ಆಕೆಯ ಮುಖ ಅರಳಿತು. "ನೋಡೋ! ಇಲ್ಲಿ ಸರಿಯಾಗೇ ಇದೆಯಲ್ಲ! ಎಲ್ಲಿದೆ ಹಸಿರು?"

ನಿಜಕ್ಕೂ ಅಲ್ಲಿ ಹಸಿರಿರಲಿಲ್ಲ. ಮದುಮಗ ಮನುಷ್ಯನ ಬಣ್ಣಕ್ಕೆ ಬಂದಿದ್ದ. ಯಜಮಾನ ಕಣ್ಣುಜ್ಜಿಕೊಂಡ. ವಾಚ್ ರಿಪೇರಿ ಅಣ್ಣ ಭೂತಗನ್ನಡಿ ತೆಗೆದು, ಮೊದಲು ಫೋಟೋ ನೋಡಿದ, ಆಮೇಲೆ ತಲೆಯೆತ್ತಿ ಮೇಲೆ ನೋಡಿದ.

"ಒಂದು ಕೆಲಸ ಮಾಡಿ," ಎಂದ ಮೆಲ್ಲಗೆ. "ಆಲ್ಬಮ್ ಜೊತೆ ನನ್ನ ಕೊಡೆನೂ ಮದುವೆ ಮನೆಯವರಿಗೇ ಕೊಟ್ಟುಬಿಡಿ."

ಚಿಕ್ಕಮ್ಮನೂ ತಲೆಯೆತ್ತಿದಳು. ಏರುಬಿಸಿಲು ಹಾದು ಕೊಡೆ ಕೆಂಡದ ಹಾಗೆ ಉರಿಯುತ್ತಿತ್ತು. ಅಣ್ಣನ ಬಿಳಿ ಶರಟು ಗುಲಾಬಿ. ತನ್ನ ಕೈ ಗುಲಾಬಿ. ಪರದೆಯ ಗಾಜಿನ ಮೇಲೂ ಅದೇ ಕೆಂಪು. ವಾರವೆಲ್ಲ ತಾನು ಮದುವೆಯವರ ಮುಖದಿಂದ ತೆಗೆದದ್ದು ಕೊಡೆಯ ಬಣ್ಣವನ್ನು! ಹುಟ್ಟಿದಾಗಿನಿಂದ ಬಣ್ಣದ ಜೊತೆ ಬಾಳಿದವಳಿಗೆ ತಲೆಯ ಮೇಲಿದ್ದ ಇಷ್ಟು ದೊಡ್ಡ ಬಣ್ಣ ಕಂಡಿರಲಿಲ್ಲ. ಆಕೆ ನಾಲಿಗೆ ಕಚ್ಚಿಕೊಂಡಳು.

"ಮದುಮಗಳ ತಾಯಿ ಸಂಜೆ ಬರ್ತಾರೆ," ಎಂದ ಯಜಮಾನ. "ನಾನು ಗುಂಡಿ ಒತ್ತಿಬಿಡ್ತೀನಿ ಚಿಕ್ಕಮ್ಮ. ಬೇಜಾರು ಮಾಡ್ಕೋಬೇಡಿ."

ಇಬ್ಬರೂ ಸ್ಟುಡಿಯೊಗೆ ಮರಳಿದರು, ಯಜಮಾನ ಒತ್ತಿದ. ಮೂಲ ಫೋಟೋಗಳೆಲ್ಲ ಕಣ್ಣು ಮಿಟುಕಿಸುವಷ್ಟರಲ್ಲಿ ಸರಿಯಾದವು. ಚಿಕ್ಕಮ್ಮ ಹುಳುಕು ಹುಡುಕಿದಳು. ಹಾಳು ಗುಂಡಿ, ಚೆನ್ನಾಗಿಯೇ ಮಾಡಿತ್ತು. ಹುಡುಕಿ ಹುಡುಕಿ ಒಂದು ಸಿಕ್ಕಿತು: ಎಲ್ಲರೂ ಒಂದೇ ಬಣ್ಣಕ್ಕೆ ತಿರುಗಿದ್ದರು. ಗದ್ದೆ ಕೆಲಸದಲ್ಲಿ ಕಪ್ಪಾದ ಸೋದರಮಾವನೂ, ಕಚೇರಿಯಲ್ಲಿ ಬಿಳಿಚಿಕೊಂಡ ಚಿಕ್ಕಪ್ಪನೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದವರ ಹಾಗಿದ್ದರು.

"ಸಂಜೆವರೆಗೂ ಹೊತ್ತು ಕೊಡು," ಎಂದಳು. "ಎಲ್ಲ ಬೇಡ. ದೊಡ್ಡ ಮುಖಗಳಷ್ಟನ್ನ ನಾನು ಮಾಡ್ತೀನಿ. ಅವರೇ ನೋಡಿ ಹೇಳಲಿ."

"ಇಲ್ಲೇ ಒಳಗೆ ಕೂತ್ಕೊಳ್ಳಿ ಮತ್ತೆ."

ಚಿಕ್ಕಮ್ಮ ಸ್ಟುಡಿಯೊದ ಗೋಡೆ ನೋಡಿದಳು. ಗುಲಾಬಿ ಬಣ್ಣ. "ಅಪ್ಪಾ, ನಿನ್ನ ಗೋಡೆ ಸಹವಾಸವೂ ಬೇಡ," ಎಂದು ಹೊರಬಿದ್ದಳು. ಸ್ಟುಡಿಯೊಗೂ ಪಕ್ಕದ ಗೋದಾಮಿಗೂ ನಡುವೆ ಕಿರಿದಾದ ಸಂದಿ. ಎರಡೂ ಕಡೆ ಬರೀ ಸಿಮೆಂಟು, ಬೂದಿ ಬಣ್ಣ. ಬಿಸಿಲು ಅದರೊಳಗೆ ಇಣುಕುವುದೇ ಇಲ್ಲ. ಬಕೆಟ್ಟು ಬೋರಲು ಹಾಕಿ ಕೂತಳು, ಕಿಟಕಿಯಿಂದ ವಯರು ಎಳೆದಳು, ಕಪ್ಪು ಶಾಲನ್ನು ತಲೆಯಿಂದ ಪರದೆಯವರೆಗೂ ಹೊದ್ದಳು. ದಾರಿಹೋಕರಿಗೆ ಕಂಡದ್ದು ಒಂದು ಕಪ್ಪು ಗುಡ್ಡೆ. ಕೇಳಿಸಿದ್ದು ಅದರೊಳಗಿಂದ, "ಮಾವಯ್ಯ, ನಿಮ್ಮ ಕಪ್ಪು ನಿಮಗೆ ವಾಪಸ್ಸು ತಗೊಳ್ಳಿ" ಎನ್ನುವ ದನಿ.

ಸಂಜೆ ಮದುಮಗಳ ತಾಯಿ ಬಂದರು. ಯಜಮಾನ ಎರಡೂ ಬಗೆಯ ಫೋಟೋಗಳನ್ನು ಮೇಜಿನ ಮೇಲೆ ಹರಡಿದ. ಅವರು ಸೋದರಮಾವನ ಚಿತ್ರ ಎತ್ತಿಕೊಂಡರು, ಚಿಕ್ಕಮ್ಮ ಮಾಡಿದ್ದನ್ನೇ. "ಇದು ನಮ್ಮಣ್ಣ ಕಣ್ರೀ. ಅದರಲ್ಲಿರೋದು ಯಾರೋ." ಚಿಕ್ಕಮ್ಮ ಉಸಿರು ಬಿಟ್ಟಳು. ಆಮೇಲೆ ಅವರು ತಮ್ಮದೇ ಚಿತ್ರದ ಮುಂದೆ ನಿಂತರು. ಚಿಕ್ಕಮ್ಮನದರಲ್ಲಿ ಇದ್ದ ಹಾಗೇ ಇದ್ದರು. ಗುಂಡಿಯದರಲ್ಲಿ ಹತ್ತು ವರ್ಷ ಚಿಕ್ಕವರಾಗಿ, ಹಾಲಿನಲ್ಲಿ ಮುಖ ತೊಳೆದವರ ಹಾಗಿದ್ದರು. ಬಹಳ ಹೊತ್ತು ನೋಡಿದರು.

"ನನ್ನದು ಇದೇ ಇರಲಿ," ಎಂದು ಗುಂಡಿಯದನ್ನು ಪಕ್ಕಕ್ಕಿಟ್ಟರು. ನಂತರ ಬೀಗಿತ್ತಿಯ ಚಿತ್ರ ನೋಡಿ, ಚಿಕ್ಕಮ್ಮನತ್ತ ತಿರುಗಿ, ದನಿ ತಗ್ಗಿಸಿದರು. "ಅವರದ್ದು ಮಾತ್ರ ನೀವು ಮಾಡಿದ್ದೇ ಹಾಕಿ. ಇದ್ದದ್ದು ಇದ್ದ ಹಾಗೆ ಇರಬೇಕು, ಅಲ್ವಾ?"

"ಖಂಡಿತ ತಾಯಿ," ಎಂದಳು ಚಿಕ್ಕಮ್ಮ, ಮುಖದ ಒಂದು ಗೆರೆಯನ್ನೂ ಅಲುಗಿಸದೆ.

ಅವರು ಹೋದ ಮೇಲೆ ಯಜಮಾನ ಫೋಟೋಗಳನ್ನು ಜೋಡಿಸಿ ಕವರಿಗೆ ಹಾಕಿದ.

"ಮುಂದಿನ ವಾರ ಇನ್ನೊಂದು ಮದುವೆ ಇದೆ ಚಿಕ್ಕಮ್ಮ. ಗುಂಪಿನ ಫೋಟೋ ಎಲ್ಲ ಗುಂಡಿಗೆ ಹೋಗಲಿ. ಮುಖ ಮಾತ್ರ ನಿಮಗೆ. ಆಗಬಹುದಾ?"

ಅರ್ಧ ಕೆಲಸ ಹೋಯಿತು ಅಂತ ಚಿಕ್ಕಮ್ಮನಿಗೆ ಒಂದು ಗಳಿಗೆ ಚುರುಕ್ಕೆಂದಿತು. ಆದರೆ ಜಗಳವಾಡುವುದಕ್ಕೆ ಗುಂಪು ಯಾಕೆ? ಒಂದು ಒಳ್ಳೆಯ ಮುಖ ಸಾಕು.

"ಆಗಬಹುದು. ಒಂದು ಷರತ್ತು. ನಾನಿರೋವರೆಗೂ ಆ ಸಂದಿಯ ಗೋಡೆಗೆ ನೀನು ಬಣ್ಣ ಹೊಡೆಸಬಾರದು."

ಯಜಮಾನ ಕೂಡಲೇ ಒಪ್ಪಿದ. ಅಪ್ಪನ ಕಾಲದಿಂದಲೂ ಆ ಗೋಡೆಗೆ ಒಂದು ಕೈ ಸುಣ್ಣ ಕೂಡ ಕಾಣಿಸದಿದ್ದವನಿಗೆ ಅಷ್ಟು ಸುಲಭದ ಷರತ್ತು ಹುಟ್ಟಿದ ಮೇಲೆ ಯಾರೂ ಹಾಕಿರಲಿಲ್ಲ.