ಮೆಟ್ಟಿಲ ಕೆಳಗಿನ ಗುಂಡಮ್ಮ

ಹೈದರಾಬಾದಿನ ಕಾಚಿಗೂಡ ಸ್ಟೇಷನ್ನಿನ ಹೊರಗೆ ಇನ್ನೂ ನಸುಗತ್ತಲು. ಚಹಾದವನು ಮೊದಲ ಹಾಲು ಕಾಯಿಸುವ ಮುಂಚೆಯೇ ಗುಂಡಮ್ಮ ಬಂದು ನಿಂತಿದ್ದಾರೆ. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಕಂಕುಳಲ್ಲಿ ಬಿದಿರಿನ ಬುಟ್ಟಿ ಹಿಡಿದಿದ್ದಾರೆ. ರಾಯಚೂರು ಕಡೆಯ ರೈಲಿನಿಂದ ಇಳಿದ ಜನ ಗುಂಪು ಗುಂಪಾಗಿ ಹೊರಬರುತ್ತಾರೆ. ಗುಂಡಮ್ಮ ಯಾರ ಮುಖವನ್ನೂ ನೋಡುವುದಿಲ್ಲ, ಎಲ್ಲರ ಕೈ ನೋಡುತ್ತಾರೆ.

"ತುಂಬಿದ ಚೀಲ ತಂದೋರು ದುಡಿಯಾಕ ಬಂದೋರು. ಖಾಲಿ ಚೀಲ ಮಡಚಿ ಹಿಡಕೊಂಡೋರು ಮದುವಿ ಸಂತಿ ಮಾಡಾಕ ಬಂದೋರು. ಅವರು ನಮ್ಮೋರು ನೋಡ್ರಿ" ಎಂದು ನಗುತ್ತಾರೆ.

ಹೈದರಾಬಾದಿನಲ್ಲಿ ಎಲ್ಲಿ ಏನು ಕೊಳ್ಳಬೇಕೆಂದು ಫೋನು ಮಾಡಿ ನನ್ನ ತಲೆ ತಿನ್ನುವ ನೆಂಟರಿಗೆ ಬರವಿಲ್ಲ. ಮುತ್ತು ಎಲ್ಲಿ, ಬಳೆ ಎಲ್ಲಿ, ಕಡಿಮೆಗೆ ಎಲ್ಲಿ? ಮೊಬೈಲಿನಲ್ಲಿ ಹುಡುಕಿದರೆ ಏಸಿ ಅಂಗಡಿಗಳ ಹೆಸರುಗಳೇ ಸಾಲುಗಟ್ಟಿ ಬರುತ್ತವೆ. ನಾನಂತೂ ಈಗ ಎಲ್ಲರಿಗೂ ಗುಂಡಮ್ಮನ ನಂಬರು ಕೊಟ್ಟು ಕೈತೊಳೆದುಕೊಳ್ಳುತ್ತೇನೆ. ರಾಯಚೂರು, ಯಾದಗಿರಿ ಕಡೆಯ ಎಷ್ಟೋ ಹಳ್ಳಿಗಳಲ್ಲಿ ಆ ನಂಬರು ಆಗಲೇ ಓಡಾಡುತ್ತಿದೆ. ಅರಿಶಿಣ, ಕುಂಕುಮ, ಒಣಕೊಬ್ಬರಿ, ಉತ್ತತ್ತಿಗೆ ಬೇಗಂ ಬಜಾರ್. ಸೀರೆ, ಕುಪ್ಪಸದ ಬಟ್ಟೆಗೆ ಸುಲ್ತಾನ್ ಬಜಾರ್. ಪಾತ್ರೆ ಎಲ್ಲಕ್ಕಿಂತ ಕೊನೆಗೆ, ಏಕೆಂದರೆ ಆ ಭಾರ ಹೊತ್ತು ತಿರುಗುವುದು ಗುಂಡಮ್ಮನ ನೆತ್ತಿ.

ಬಂದವರಿಗೆ ಚಹಾ ಕುಡಿಸುತ್ತಲೇ ಪಾಠ ಶುರುವಾಗುತ್ತದೆ. "ಹೊಸ ಸೀರಿ ಉಟಗೊಂಡು ಸಂತಿಗೆ ಬರತಾರೇನ್ರಿ? ಸೀರಿ ನೋಡೇ ಬೆಲಿ ಏರಸ್ತಾರ. ಮತ್ತ ಅಂಗಡ್ಯಾಗ ಕನ್ನಡದಾಗ ಪಿಸಿಪಿಸಿ ಮಾತಾಡಬ್ಯಾಡ್ರಿ, ಸೇಠಗೋಳಿಗೆ ನಿಮಗಿಂತ ಚಲೋ ಕನ್ನಡ ಬರತೈತಿ!"

ಅವರ ದೊಡ್ಡ ಉಪಾಯವೆಂದರೆ ಬೋಣಿ. ದಿನದ ಮೊದಲ ಗಿರಾಕಿಯನ್ನು ಬರಿಗೈಯಲ್ಲಿ ಕಳಿಸಿದರೆ ಇಡೀ ದಿನ ಕೆಡುತ್ತದೆಂದು ವ್ಯಾಪಾರಿಗಳ ನಂಬಿಕೆ. ಹಾಗಾಗಿ ಆ ದಿನ ಬಂದವರಲ್ಲಿ ಯಾರು ತೀರ ಬಡವರೋ ಅವರನ್ನು ಗುಂಡಮ್ಮ ಶಟರ್ ಏಳುವ ಹೊತ್ತಿಗೆ ಸರಿಯಾಗಿ ಅಂಗಡಿ ಹತ್ತಿಸುತ್ತಾರೆ. ಅವರು ಕೇಳಿದ ದರಕ್ಕೆ ವ್ಯಾಪಾರಿ ಗೊಣಗುತ್ತಲೇ ಒಪ್ಪುತ್ತಾನೆ. "ಉಳ್ಳೋರು ಮಧ್ಯಾಹ್ನ ಬಂದ್ರೂ ನಡೀತೈತ್ರಿ" ಎನ್ನುತ್ತಾರೆ ಗುಂಡಮ್ಮ. ಮದುವೆಯ ದಿನಗಳಲ್ಲಿ ಎರಡು ಮೂರು ಕುಟುಂಬ ಒಟ್ಟಿಗೆ ಬಂದರೂ ಈ ಸರತಿ ತಪ್ಪುವುದಿಲ್ಲ.

ದೇವದುರ್ಗದ ಕಡೆಯಿಂದ ಗಂಡನೊಟ್ಟಿಗೆ ಕಟ್ಟಡದ ಕೆಲಸಕ್ಕೆ ಬಂದವರು ಅವರು. ಮಗಳು ಭಾಗ್ಯಶ್ರೀ ಕೈಗೂಸಾಗಿದ್ದಾಗಲೇ ಗಂಡ ಕಾಮಾಲೆಯಲ್ಲಿ ತೀರಿಹೋದ. ಕೂಸನ್ನು ಮರಳ ರಾಶಿಯ ಪಕ್ಕ ಮಲಗಿಸಿ ಇಟ್ಟಿಗೆ ಹೊತ್ತರು. ಒಂದು ಬೆಳಿಗ್ಗೆ ಇದೇ ಸ್ಟೇಷನ್ನಿನ ಮುಂದೆ ಊರ ಕಡೆಯ ಒಂದು ಮದುವೆ ಗುಂಪು ದಾರಿ ತಿಳಿಯದೆ ಅಳುತ್ತ ಕೂತಿದ್ದು ಕಂಡು, ಆ ದಿನದ ಕೂಲಿ ಬಿಟ್ಟು ಅವರನ್ನು ಬಜಾರಿಗೆ ಕರೆದೊಯ್ದರು. ಅಲ್ಲಿಂದ ಶುರು ಈ ಕಸುಬು.

ಅದೇ ಮೊದಲ ದಿನ ಇನ್ನೊಂದೂ ನಡೆಯಿತು. ಮದುವೆ ಸಂತೆಯಲ್ಲಿ ಮೊದಲು ಕೊಳ್ಳುವುದು ಅರಿಶಿಣ ಕುಂಕುಮ, ಅದನ್ನು ಎತ್ತಿಕೊಳ್ಳಬೇಕಾದವಳು ಮುತ್ತೈದೆ. ಗುಂಡಮ್ಮ ಎಲ್ಲರ ಜೊತೆ ಅಂಗಡಿಯ ಮೆಟ್ಟಿಲಿಗೆ ಕಾಲಿಡುತ್ತಿದ್ದಂತೆ ಗುಂಪಿನ ಮುದುಕಿಯೊಬ್ಬಳು, "ನೀ ಹೊರಗ ನಿಲ್ಲವ್ವಾ, ಶುಭ ಕೆಲಸ" ಅಂದಳು. ದಾರಿ ತೋರಿಸಿದವಳಿಗೆ ಬಾಗಿಲು ಇಲ್ಲವಂತೆ! ನನಗಾದರೆ ಮೈಯೆಲ್ಲ ಉರಿಯುತ್ತಿತ್ತು, ಬುಟ್ಟಿ ಅಲ್ಲೇ ಕುಕ್ಕಿ ಬರುತ್ತಿದ್ದೆ. ಗುಂಡಮ್ಮ ಹಾಗೆ ಮಾಡಲಿಲ್ಲ. ಆವತ್ತಿನಿಂದ ಇವತ್ತಿನವರೆಗೆ ಅರಿಶಿಣದ ಅಂಗಡಿಯ ಮೆಟ್ಟಿಲ ಕೆಳಗೇ ನಿಲ್ಲುತ್ತಾರೆ. ಒಳಗೆ ಬಿಳಿ ಗಾದಿ ಹಾಸಿರುವುದರಿಂದ ಎಲ್ಲರೂ ಚಪ್ಪಲಿ ಕಳಚಿ ಹತ್ತುತ್ತಾರೆ, ಇವರು ಆ ಚಪ್ಪಲಿ ಕಾಯುತ್ತಾರೆ.

ಇವತ್ತು ಅವರು ಸ್ಟೇಷನ್ನಿನಲ್ಲಿ ಕಾಯುತ್ತಿರುವುದು ತಮ್ಮದೇ ಬೀಗತಿಯನ್ನು. ಭಾಗ್ಯಶ್ರೀಗೆ ಮದುವೆ ಗೊತ್ತಾಗಿದೆ. ಹುಡುಗ ಭೀಮಾಶಂಕರ ಇಲ್ಲೇ ಲಿಫ್ಟ್ ರಿಪೇರಿ ಕೆಲಸದವನು, ಮಾನ್ವಿ ಕಡೆಯವನು. ಅವನ ತಾಯಿ ಗೋದಾವರಿ ಸಂತೆಗೆಂದು ಬರುತ್ತಿದ್ದಾರೆ. ಭಾಗ್ಯಶ್ರೀಯೂ ನಾನೂ ಗುಂಡಮ್ಮನ ಜೊತೆಗಿದ್ದೇವೆ. ಸುಲ್ತಾನ್ ಬಜಾರಿನಲ್ಲಿ ಕುಪ್ಪಸ ಹೊಲಿಯುವ ಭಾಗ್ಯಶ್ರೀ ತಾಯಿಗೆ ರಾತ್ರಿಯೇ ಹೇಳಿಬಿಟ್ಟಿದ್ದಾಳಂತೆ: "ಅರಿಶಿಣ ನೀನ ಎತ್ತಬೇಕು."

"ಗಂಡಿನ ಕಡೆಯೋರ್ರಿ" ಎಂದು ಗುಂಡಮ್ಮ ನನ್ನ ಕಿವಿಯಲ್ಲಿ ಹೇಳುತ್ತಾರೆ. "ಮುನಿಸಿಕೊಂಡ್ರ ಈಕಿ ಬಾಳೇವು ಏನಾಗಬೇಕು? ನನಗ ಭಾಳ ಅಂಜಿಕಿ ಆಗೈತಿ."

ಗೋದಾವರಿ ಗಟ್ಟಿ ದನಿಯ, ಗಟ್ಟಿ ಕೈಯ ಹೆಂಗಸು. ಊರಲ್ಲಿ ಕಿರಾಣಿ ಅಂಗಡಿ ನಡೆಸುತ್ತಾರೆ. ಆಟೋದಲ್ಲಿ ಕೂತ ಮೇಲೆ ಸಹಜವಾಗಿಯೇ, "ಅರಿಶಿಣ ನಾ ಎತಗೋತೀನಿ ಬಿಡ್ರಿ ಬೀಗತಿ" ಅನ್ನುತ್ತಾರೆ. ಗುಂಡಮ್ಮ ಆಗಲೆಂದು ತಲೆಯಾಡಿಸುತ್ತಾರೆ. ಭಾಗ್ಯಶ್ರೀ ಹೊರಗೆ ನೋಡುತ್ತ ಕೂರುತ್ತಾಳೆ.

ಬೇಗಂ ಬಜಾರಿನ ಅರಿಶಿಣದ ಅಂಗಡಿಯ ಶಟರ್ ಆಗಷ್ಟೇ ಎದ್ದಿದೆ. ಸೇಠ್ ಊದುಬತ್ತಿ ಹಚ್ಚಿ ಗಾದಿಯ ಮೇಲೆ ಕೂತಿದ್ದಾರೆ. ಗೋದಾವರಿ ಚಪ್ಪಲಿ ಕಳಚಿ ಎರಡನೇ ಮೆಟ್ಟಿಲಲ್ಲಿದ್ದಾರೆ. ಗುಂಡಮ್ಮ ರೂಢಿಯಂತೆ ಬುಟ್ಟಿ ಇಳಿಸಿ, ಬೀಗತಿಯ ಚಪ್ಪಲಿಯನ್ನು ಬದಿಗೆ ಸರಿಸಿ, ಅದರ ಪಕ್ಕ ನಿಂತುಬಿಟ್ಟಿದ್ದಾರೆ. ಭಾಗ್ಯಶ್ರೀ ಮಾತ್ರ ಚಪ್ಪಲಿಯನ್ನೂ ಬಿಟ್ಟಿಲ್ಲ.

"ಬಾರವ್ವಾ" ಅನ್ನುತ್ತಾರೆ ಗೋದಾವರಿ.

"ಅರಿಶಿಣ ಹಚಗೊಳ್ಳಾಕಿ ನಾನ ಅಲ್ಲೇನ್ರಿ ಅತ್ತಿ? ನಮ್ಮವ್ವ ಎತ್ತಿಕೊಟ್ಟದ್ದ ಹಚಗೋತೀನಿ. ಇಲ್ಲಂದ್ರ ನನಗ ಬ್ಯಾಡ."

"ನಾ ಏನ್ ನಿಮ್ಮವ್ವನ್ನ ಬೈಯಾಕತ್ತೀನೇನು? ಹಿಂದಿಂದ ನಡಕೊಂಡು ಬಂದೈತಿ. ನಾಳೆ ನಮ್ಮ ಮಂದಿ ಆಡ್ಕೋತಾರ. ನೀವಿಬ್ರೂ ಚೆಂದಾಗಿ ಬಾಳಬೇಕು ಅಂತ ಅಲ್ಲೇನ ನಾ ಅನ್ನೂದು?"

"ಬಿಡವ್ವಾ ಭಾಗೂ, ಇಷ್ಟಕ್ಕ ಹಟಾ ಮಾಡಬ್ಯಾಡ. ನಾ ಇಲ್ಲೇ ಆರಾಮ ಅದೀನಿ" ಎಂದು ಗುಂಡಮ್ಮ ಮಗಳ ರಟ್ಟೆ ಹಿಡಿದು ಮುಂದಕ್ಕೆ ತಳ್ಳುತ್ತಾರೆ. ಮಗಳು ಕದಲುವುದಿಲ್ಲ. ಅವಳ ಕಣ್ಣಲ್ಲಿ ನೀರು ನಿಂತಿದೆ. ನನಗೆ ಏನಾದರೂ ಅನ್ನಬೇಕೆಂದು ಬಾಯಿ ತುರಿಸುತ್ತಿದೆ, ಆದರೆ ಮುರಿದರೆ ಅವರ ಮದುವೆ, ನನ್ನದಲ್ಲ.

ಅಷ್ಟರಲ್ಲಿ ಇನ್ನೊಬ್ಬ ಗಿರಾಕಿ ಬಂದು ಕುಂಕುಮ ಕೇಳುತ್ತಾನೆ. ಸೇಠ್ ಕೈಯಾಡಿಸಿ, ಆಮೇಲೆ ಬಾ ಎಂದು ಅವನನ್ನು ಕಳಿಸಿಬಿಡುತ್ತಾರೆ.

ಗೋದಾವರಿಯ ಒಳಗಿನ ಅಂಗಡಿಯಾಕೆ ಥಟ್ಟನೆ ಎಚ್ಚರಾಗುತ್ತಾಳೆ. "ಅಲ್ರೀ ಸೇಠ್ರ, ಬಂದ ಗಿರಾಕಿನ್ನ ವಾಪಸ್ ಕಳಸೂದಾ?"

ಸೇಠರದು ರಾಯಚೂರಿನ ಗಿರಾಕಿಗಳಿಂದ ಕಲಿತ ಹರಕು ಮುರುಕು ಕನ್ನಡ. "ಬೋಣಿ ಗುಂಡಮ್ಮಂದು. ಈ ಅಮ್ಮ ತಂದ ಬೋಣಿ ಆಯ್ತು ಅಂದ್ರೆ ಸಂಜೀ ತನಕ ನನಗೆ ಪುರಸತ್ ಇಲ್ಲ. ಒಂದು ದಿನಾ ಖಾಲಿ ಹೋಗಿಲ್ಲ, ಕಸಮ್ ಸೇ, ದೇವರಾಣೆ. ಇವಳು ಬರೋ ದಿನ ಬೇರೆಯವರ ಬೋಣಿ ನಾನು ತಗೊಳ್ಳೋದೇ ಇಲ್ಲ."

"ಮತ್ತ ಇವರು ಒಳಗ ಬರೂದ ಇಲ್ಲಲ್ಲ?" ಅನ್ನುತ್ತಾರೆ ಗೋದಾವರಿ.

"ಯಾಕೆ ಬರ್ತಾಳೆ? ಚಪ್ಪಲ್ ಯಾರು ಕಾಯ್ಬೇಕು?" ಸೇಠ್ ಅಚ್ಚರಿಯಿಂದ ಕೇಳುತ್ತಾರೆ. "ಬಜಾರ್‌ನಲ್ಲಿ ಚಪ್ಪಲ್ ಕಳ್ಳರು ಬಹುತ್ ಇದ್ದಾರೆ. ಅದಕ್ಕೇ ಹೊರಗೆ ನಿಲ್ತಾಳೆ, ಅಲ್ವಾ?"

ಗುಂಡಮ್ಮ ಇಷ್ಟು ವರ್ಷ ಮದುವೆ ಕೆಲಸಕ್ಕೆ ಅಪಶಕುನ ಆಗಬಾರದೆಂದು ಬಿಸಿಲಲ್ಲಿ ನಿಂತವರು! ಸೇಠರಿಗೆ ಆ ವಿಚಾರ ತಲೆಗೇ ಬಂದಿಲ್ಲ, ಅವರ ಲೆಕ್ಕದಲ್ಲಿ ಗುಂಡಮ್ಮನೇ ಲಕ್ಷ್ಮಿ. ಗುಂಡಮ್ಮನಿಗೆ ನಗು ಬರುತ್ತದೆ. ನಗುತ್ತ ನಗುತ್ತ ಸೆರಗಿನಿಂದ ಕಣ್ಣು ಒತ್ತಿಕೊಳ್ಳುತ್ತಾರೆ. ಒಂದು ನಂಬಿಕೆಯ ಮುಳ್ಳನ್ನು ಇನ್ನೊಂದು ನಂಬಿಕೆಯ ಮುಳ್ಳೇ ತೆಗೆಯಬೇಕೇನೋ, ನನ್ನಂಥವರ ಭಾಷಣಕ್ಕೆ ಇಲ್ಲಿ ಕವಡೆ ಕಿಮ್ಮತ್ತಿಲ್ಲ.

ಗೋದಾವರಿ ಬೀಗತಿಯ ಕಡೆ ತಿರುಗುತ್ತಾರೆ. ಬೋಣಿ ಅಂದರೇನೆಂದು ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ, ತಮ್ಮ ಅಂಗಡಿಯಲ್ಲೂ ಮೊದಲ ರೊಕ್ಕವನ್ನು ಕಣ್ಣಿಗೊತ್ತಿಕೊಂಡೇ ಒಳಗಿಡುವವರು. ಎರಡು ಮೆಟ್ಟಿಲು ಇಳಿಯುತ್ತಾರೆ. ತಮ್ಮ ಚಪ್ಪಲಿಯ ಪಕ್ಕ ಬಂದು ನಿಲ್ಲುತ್ತಾರೆ.

"ಹೋಗ್ರಿ ಬೀಗತಿ. ಲಗೂ ಹೋಗ್ರಿ, ಸೇಠನ ಬೋಣಿ ಹೊತ್ತು ಮೀರಾಕತ್ತೈತಿ. ಚಪ್ಪಲಿ ನಾ ನೋಡ್ಕೋತೀನಿ."

"ನೀವು ಗಂಡಿನ ಕಡೆಯೋರು, ಹೊರಗ ನಿಲ್ಲೂದಾ..."

"ಹೋಗಂದ್ರ ಹೋಗಬೇಕ್ರಿ!"

ಗುಂಡಮ್ಮ ಚಪ್ಪಲಿ ಬಿಡುತ್ತಾರೆ. ಮೆಟ್ಟಿಲು ಹತ್ತುತ್ತಾರೆ, ಭಾಗ್ಯಶ್ರೀಯೂ ಚಪ್ಪಲಿ ಕಳಚಿ ಹಿಂದೆಯೇ ಹತ್ತುತ್ತಾಳೆ. ಗುಂಡಮ್ಮ ಬಿಳಿ ಗಾದಿಯ ಮೇಲೆ ಕೂರಲು ಅನುಮಾನಿಸಿ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು, ಅರಿಶಿಣ ಕೊಂಬಿನ ರಾಶಿಯೊಳಗೆ ಎರಡೂ ಕೈ ಹಾಕುತ್ತಾರೆ. ಎತ್ತಿದ ಕೊಂಬುಗಳನ್ನು ಮೂಗಿಗೆ ಹಿಡಿದು, ಮಗಳ ಉಡಿಗೆ ಹಾಕುತ್ತಾರೆ. ಭಾಗ್ಯಶ್ರೀ ಅಳುತ್ತಲೇ ತಾಯಿಗೆ ಬೈಯುತ್ತಿದ್ದಾಳೆ: "ಇನ್ನೊಂದಿಷ್ಟು ಹಾಕು, ಯಾಕ ಜಿಪುಣತನ ಮಾಡಾಕತ್ತಿ!" ಸೇಠ್ ರೊಕ್ಕವನ್ನು ಕಣ್ಣಿಗೊತ್ತಿಕೊಳ್ಳುತ್ತಾರೆ.

ತಾಯಿ ಮಗಳು ಹೊರಗೆ ಬಂದಾಗ ಗೋದಾವರಿ ಸೊಂಟದ ಮೇಲೆ ಕೈಯಿಟ್ಟು ಪಹರೆಯವರ ಹಾಗೆ ನಿಂತಿದ್ದಾರೆ, ಮೂರೂ ಜೊತೆ ಚಪ್ಪಲಿ ಸಾಲಾಗಿವೆ. ಗುಂಡಮ್ಮ ಬುಟ್ಟಿಯನ್ನು ತಲೆಗೇರಿಸಿ ಸುಲ್ತಾನ್ ಬಜಾರಿನ ದಾರಿ ಹಿಡಿಯುತ್ತಾರೆ. ನಾಳೆ ದೇವದುರ್ಗದಿಂದ ಬೇರೆ ಮದುವೆಯವರು ಬರುವವರಿದ್ದಾರೆ. ನಾಳೆ ಎಲ್ಲಿ ನಿಲ್ಲುತ್ತೀರಿ ಎಂದು ಕೇಳುತ್ತೇನೆ.

"ಒಳಗ ಹೋಗ್ತೀನ್ರಿ" ಎನ್ನುತ್ತಾರೆ ತಡವಿಲ್ಲದೆ. ನಾಲ್ಕು ಹೆಜ್ಜೆ ನಡೆದವರು ಮತ್ತೆ ನಿಂತು ನನ್ನ ಕಡೆ ತಿರುಗುತ್ತಾರೆ. "ಬೀಗತಿ ಊರಿಗೆ ಹೋಗಿಬಿಡ್ತಾರ. ನಾಳಿಂದ ಚಪ್ಪಲಿ ಕಾಯಾಕ ಒಬ್ಬರನ್ನ ಹುಡಕಬೇಕ್ರಿ, ನಿಮಗ ಯಾರರ ಗೊತ್ತದಾರೇನು?"