ನೋಡಬೇಡ ಎಂದು ಬಿಟ್ಟ ಫೋಲ್ಡರ್

ಮಂಗಳೂರಿನ ಪಡೀಲಿನಲ್ಲಿ ಬಸ್ಸಿಳಿದು ಕಂಪ್ಯೂಟರ್ ಲತೇಶನ ಅಂಗಡಿ ಎಲ್ಲಿ ಎಂದರೆ ಯಾರಾದರೂ ಕೈ ತೋರಿಸಿಯಾರು. ಒಂದೇ ಶಟರು. ಒಳಗೆ ಬಿಚ್ಚಿಟ್ಟ ನಾಲ್ಕು ಸಿಪಿಯು, ಗೋಡೆಗೆ ತೂಗುಹಾಕಿದ ಆಂಟಿವೈರಸ್ ಡಬ್ಬಿಗಳು. ಡಬ್ಬಿಯೊಳಗೆ ಒಂದು ಚೀಟಿ, ಚೀಟಿಯಲ್ಲಿ ಒಂದು ನಂಬರು, ಬೇರೆ ಎಂತದೂ ಇಲ್ಲ. ಅದಕ್ಕೇ ನಮ್ಮವರಿಗೆ ಅದರ ಮೇಲೆ ಸಿಟ್ಟು. ಫ್ರಿಜ್ಜು ಕೊಳ್ಳುವುದಾದರೆ ಹಂಪನಕಟ್ಟೆಯ ಆರು ಅಂಗಡಿ ಹತ್ತಿ ಇಳಿದಾರು, ಬಾಗಿಲು ತೆಗೆದು ಮುಚ್ಚಿ ನೋಡಿಯಾರು. ಆಂಟಿವೈರಸ್ ಅಂದ ಕೂಡಲೇ, "ಫ್ರೀ ಸಿಗುವುದು ಯಾವುದಾದ್ರೂ ಹಾಕು ಮಾರಾಯ" ಎಂದುಬಿಡುತ್ತಾರೆ.

ಲತೇಶ ಹಾಗೆ ಯಾವುದಾದರೂ ಹಾಕಿ ಕೈತೊಳೆದುಕೊಳ್ಳುವವನಲ್ಲ. ಕಂಪ್ಯೂಟರ್ ಎದುರು ಕೂರುವವರು ಯಾರು, ಬ್ಯಾಂಕಿನ ಕೆಲಸ ಅದರಲ್ಲೇ ಉಂಟಾ, ಮಕ್ಕಳು ಗೇಮ್ ಇಳಿಸಿಕೊಳ್ತಾರಾ ಎಂದೆಲ್ಲ ವಿಚಾರಿಸುತ್ತಾನೆ. ಹಳೇ ಮಶೀನಾದರೆ, "ದೊಡ್ಡ ಪ್ಯಾಕ್ ಬೇಡ, ಇದು ಎದ್ದು ಕೂರುವಾಗ ನಿಮ್ಮ ಚಾ ತಣಿದಿರ್ತದೆ" ಎನ್ನುತ್ತಾನೆ. ಕೆಲವರಿಗೆ, ವಿಂಡೋಸಿನ ಜೊತೆ ಬರುವುದೇ ಸಾಕು, ಅಪ್‌ಡೇಟ್ ಮಾತ್ರ ನಿಲ್ಲಿಸಬೇಡಿ ಎಂದು ಹೇಳಿ ಬರಿಗೈಯಲ್ಲಿ ಕಳಿಸುವುದೂ ಉಂಟು. ಕೊನೆಗೆ ಒಂದು ಪ್ರಶ್ನೆ ಕೇಳುತ್ತಾನೆ. "ಇದರಲ್ಲಿ ಎಂತ ಹೋದ್ರೆ ನಿಮಗೆ ಅಳು ಬರ್ತದೆ?" ಹೆಚ್ಚಿನವರು ನಗುತ್ತಾರೆ. ಒಳ್ಳೆಯ ಮನುಷ್ಯ ಅವನು. ಮುಂದೆ ಹೇಳಲಿಕ್ಕಿರುವುದನ್ನೆಲ್ಲ ಹೇಳಿದ ಮೇಲೂ ನಾನು ಹಾಗೆಯೇ ಅನ್ನುತ್ತೇನೆ, ನೀವು ಒಪ್ಪುವುದು ಬಿಡುವುದು ನಿಮಗೆ ಬಿಟ್ಟದ್ದು.

ಆ ಪ್ರಶ್ನೆಗೆ ನಗದೇ ಇದ್ದವರು ಕುದ್ರೋಳಿಯ ಚೆನ್ನಪ್ಪಣ್ಣ. ಹೆಂಚಿನ ಕಾರ್ಖಾನೆಯೊಂದರಲ್ಲಿ ಅದು ಮುಚ್ಚುವವರೆಗೆ ಗುಮಾಸ್ತರಾಗಿದ್ದವರು. ಆಮೇಲೆ ಓಣಿಯ ಭಜನಾ ಮಂದಿರದ ಕಾರ್ಯದರ್ಶಿ. ಅವರ ಒಬ್ಬಳೇ ಮಗಳು ಭವ್ಯಶ್ರೀ ಶಾಲೆಯಲ್ಲಿ ಟೀಚರಾಗಿದ್ದಳು. ಕೊರೋನಾ ಬಂದು ಶಾಲೆ ಮುಚ್ಚಿದಾಗ ನಾಲ್ಕನೇ ಕ್ಲಾಸಿನ ಗಣಿತವನ್ನು ಮನೆಯಲ್ಲೇ ಕೂತು ರೆಕಾರ್ಡ್ ಮಾಡಿ ಮಕ್ಕಳಿಗೆ ಕಳಿಸುತ್ತಿದ್ದಳು. ಮರುವರ್ಷ ಡೆಂಗಿ ಜ್ವರ ಬಂತು, ಒಂಬತ್ತೇ ದಿನದಲ್ಲಿ ಹುಡುಗಿ ಹೋದಳು. ಇಪ್ಪತ್ತಾರು ವರ್ಷ.

"ಅವಳ ಸ್ವರ ಉಂಟು ಇದರಲ್ಲಿ" ಎಂದರು ಚೆನ್ನಪ್ಪಣ್ಣ. "ನೂರ ಹದಿನಾಲ್ಕು ಪಾಠ."

ದಿನಾ ಬೆಳಿಗ್ಗೆ ಅವರೂ ಹೆಂಡತಿ ಮುದ್ದಕ್ಕನೂ ಚಹಾ ಹಿಡಿದುಕೊಂಡು ಒಂದು ಪಾಠ ಕೇಳುತ್ತಿದ್ದರು. ಭಾಗಾಕಾರ, ಭಿನ್ನರಾಶಿ, ಗಡಿಯಾರ ನೋಡುವುದು. ಒಂದರಲ್ಲಿ ಹಿಂದಿನಿಂದ ಮುದ್ದಕ್ಕನ ಸ್ವರವೂ ಇತ್ತು, ಅಡುಗೆಮನೆಯಿಂದ ಊಟಕ್ಕೆ ಕರೆಯುವುದು. "ಅಮ್ಮ, ಸುಮ್ನಿರು, ಪಾಠ ಆಗ್ತಾ ಉಂಟು" ಎಂದು ಭವ್ಯಶ್ರೀ ಹೇಳುವುದು. ಆ ಪಾಠವನ್ನು ಮುದ್ದಕ್ಕ ವಾರಕ್ಕೆ ಎರಡು ಸಲ ಹಾಕಿಸಿಕೊಳ್ಳುತ್ತಿದ್ದರು. ಅಂಥ ಮನೆಗೆ ಫ್ರೀಯದ್ದು ಸಾಲದೆಂದು ಲತೇಶ ಎರಡು ಮೂರು ಕಂಪೆನಿಯದ್ದನ್ನು ತೂಗಿ ನೋಡಿ, ಫೈಲುಗಳಿಗೆ ಬೀಗ ಹಾಕುವ ವೈರಸ್ಸನ್ನು ತಡೆಯುವಂಥದ್ದನ್ನೇ ಆರಿಸಿ ಹಾಕಿದ. ಪಾಠಗಳನ್ನು ಒಂದು ಪೆನ್‌ಡ್ರೈವಿಗೂ ತುಂಬಿಸಿದ. ಎಲ್ಲಿಯಾದರೂ ಇಟ್ಟು ಮರೆತಾರು ಎಂದು ಅದನ್ನು ಕಂಪ್ಯೂಟರಿನ ಹಿಂದೆಯೇ ಸಿಕ್ಕಿಸಿ ಬಿಟ್ಟ.

ತೊಂದರೆ ಬಂದದ್ದು ಕನ್ನಡದಿಂದ. ಮಂದಿರದ ನೋಟೀಸು, ವರದಿ ಎಲ್ಲ ಚೆನ್ನಪ್ಪಣ್ಣ ಕನ್ನಡದಲ್ಲೇ ಟೈಪ್ ಮಾಡುವುದು. ಅದಕ್ಕೆ ಅವರು ಬಳಸುತ್ತಿದ್ದದ್ದು ಯಾವುದೋ ಕಾಲದ ಸಾಫ್ಟ್‌ವೇರು. ಒತ್ತಿದ ಪ್ರತಿಯೊಂದು ಕೀಲಿಯನ್ನೂ ಗಮನಿಸಿ ಅದನ್ನು ಕನ್ನಡ ಅಕ್ಷರ ಮಾಡುವುದು ಅದರ ಕೆಲಸ. ಪಾಸ್‌ವರ್ಡ್ ಕದಿಯುವ ಕಳ್ಳ ವೈರಸ್ಸು ಮಾಡುವುದೂ ಅದನ್ನೇ, ಒತ್ತಿದ ಕೀಲಿ ಗಮನಿಸುವುದನ್ನು. ಆಂಟಿವೈರಸ್ಸಿಗೆ ವ್ಯತ್ಯಾಸ ಎಲ್ಲಿ ಗೊತ್ತಾಗಬೇಕು. ಹಿಡಿದು ಒಳಗೆ ಹಾಕಿತು. ಚೆನ್ನಪ್ಪಣ್ಣ ಫೋನ್ ಮಾಡಿದರು, "ಲತೇಶ, ಕನ್ನಡ ಬರುವುದಿಲ್ಲ." ಲತೇಶ ಪಡೀಲಿನಿಂದ ಬಂದು ಬಿಡಿಸಿ ಹೋದ. ಒಂದು ವಾರಕ್ಕೆ ಮತ್ತೆ ಹಿಡಿಯಿತು. ಹೀಗೆ ನಾಲ್ಕು ಸಲ ಆಯಿತು.

ಐದನೇ ಸಲ ಬಂದಾಗ ಅವನಿಗೆ ತಲೆ ಕೆಟ್ಟಿತ್ತು. ಸಾಫ್ಟ್‌ವೇರನ್ನು ಚೆನ್ನಪ್ಪಣ್ಣ ಇಟ್ಟುಕೊಂಡದ್ದು ಡೌನ್‌ಲೋಡ್ ಫೋಲ್ಡರಿನೊಳಗೆ, ಇ-ಮೇಲಿನಲ್ಲಿ ಬಂದದ್ದೆಲ್ಲ ಬಂದು ಬೀಳುವ ಜಾಗದಲ್ಲಿ. ಅದೊಂದನ್ನೇ ತೆಗೆದು ಬೇರೆ ಕಡೆ ಇಟ್ಟು, ಅದಕ್ಕೆ ಮಾತ್ರ ವಿನಾಯಿತಿ ಕೊಡಬೇಕಿತ್ತು. ಹತ್ತು ನಿಮಿಷದ ಕೆಲಸ. ತೊಕ್ಕೊಟ್ಟಿನಲ್ಲಿ ಇನ್ನೊಬ್ಬರು ಕಾಯುತ್ತಿದ್ದರು, ಸೇತುವೆಯಲ್ಲಿ ಬ್ಲಾಕ್ ಉಂಟೆಂದು ಬೇರೆ ಗೊತ್ತಾಗಿತ್ತು. ಇಡೀ ಫೋಲ್ಡರನ್ನೇ ನೋಡಬೇಡ ಎಂದು ಆಂಟಿವೈರಸ್ಸಿಗೆ ಹೇಳಿ ಎದ್ದ. "ಇನ್ನು ನಿಮಗೆ ಕನ್ನಡದ್ದು ಕಿರಿಕಿರಿ ಇಲ್ಲ, ಚೆನ್ನಪ್ಪಣ್ಣ." ಮುದ್ದಕ್ಕ ಅವನಿಗೆ ಬಾಳೆಹಣ್ಣಿನ ಬನ್ಸು ಕಟ್ಟಿಕೊಟ್ಟು ಕಳಿಸಿದರು.

ಮೂರು ತಿಂಗಳು ಕಳೆದ ಮೇಲೆ ಮಂದಿರಕ್ಕೆ ದೇಣಿಗೆ ಕಳಿಸಿದ ರಸೀದಿ ಎಂದು ಒಂದು ಮೇಲ್ ಬಂತು. ಕಾರ್ಯದರ್ಶಿಯಾದವನು ರಸೀದಿ ತೆರೆಯದೆ ಇರುತ್ತಾನಾ? ಚೆನ್ನಪ್ಪಣ್ಣ ಇಳಿಸಿಕೊಂಡರು, ತೆರೆದರು. ಏನೂ ಕಾಣಲಿಲ್ಲ. ಊಟ ಮುಗಿಸಿ ಬಂದು ನೋಡಿದರೆ ಎಲ್ಲ ಫೈಲಿನ ಹೆಸರೂ ಬದಲಾಗಿತ್ತು, ಪರದೆ ಮೇಲೆ, ದುಡ್ಡು ಕೊಟ್ಟರೆ ಮಾತ್ರ ಬೀಗ ತೆಗೆಯುವುದು ಎಂದು ಇಂಗ್ಲಿಷಿನಲ್ಲಿ ಬೆದರಿಕೆಯ ಕಾಗದ. ನೂರ ಹದಿನಾಲ್ಕು ಪಾಠಕ್ಕೂ ಬೀಗ. ಹಿಂದೆ ಸಿಕ್ಕಿಸಿದ್ದ ಪೆನ್‌ಡ್ರೈವಿನಲ್ಲಿ ಇದ್ದವಕ್ಕೂ ಬೀಗ.

ಲತೇಶ ಓಡಿ ಬಂದ. ಆಂಟಿವೈರಸ್ಸಿನ ಒಳಗೆ ಹೋಗಿ ನೋಡಿದಾಗ, ಆ ಫೋಲ್ಡರ್ ನೋಡಬೇಡ ಎಂದು ತಾನೇ ಬರೆದಿಟ್ಟ ಸಾಲು ಕಣ್ಣೆದುರಿಗೆ ಕೂತಿತ್ತು. ಹಿಂದೆ ನಿಂತಿದ್ದ ಚೆನ್ನಪ್ಪಣ್ಣ, "ನಾನು ಎಂತಾದ್ರೂ ತಪ್ಪು ಮಾಡಿದೆನಾ?" ಎಂದು ಕೇಳಿದರು. ಬಾಗಿಲಲ್ಲಿ ಮುದ್ದಕ್ಕ ನಿಂತಿದ್ದರು. ಕುದ್ರೋಳಿಯ ಅರ್ಧ ಓಣಿ ಲತೇಶನಿಗೆ ಗಿರಾಕಿಯಾಗಿದ್ದದ್ದು ಚೆನ್ನಪ್ಪಣ್ಣನ ಬಾಯಿಮಾತಿನಿಂದ. ಅದೆಲ್ಲ ಒಂದೇ ಕ್ಷಣದಲ್ಲಿ ಅವನ ತಲೆಗೆ ಬಂತು.

"ಅದನ್ನು ನೀವು ತೆರೆಯಬಾರದಿತ್ತು ಚೆನ್ನಪ್ಪಣ್ಣ" ಎಂದುಬಿಟ್ಟ. ಸುಳ್ಳಲ್ಲ. ಅದೇ ದೊಡ್ಡ ಸಂಕಟ, ಸುಳ್ಳಲ್ಲ. ಹೇಳಿ, ಯಾರಿಗೂ ಕಾಣದಂತೆ ಆ ಸಾಲನ್ನು ಅಳಿಸಿ ಹಾಕಿದ.

ಆ ದಿನದಿಂದ ಮುದ್ದಕ್ಕ ಗಂಡನ ಜೊತೆ ಮಾತು ಬಿಟ್ಟರು. ಜಗಳವಿಲ್ಲ, ಅಳುವಿಲ್ಲ. ಹೊತ್ತಿಗೆ ಸರಿಯಾಗಿ ಗಂಜಿ ಬಡಿಸುತ್ತಿದ್ದರು, ಬಟ್ಟೆ ಮಡಚಿಡುತ್ತಿದ್ದರು, ಬಾಯಿ ಮಾತ್ರ ತೆರೆಯುತ್ತಿರಲಿಲ್ಲ. ಮಗಳು ಒಂದು ಸಲ ಹೋದಳು, ಎರಡನೇ ಸಲ ಇವರು ಕಳಿಸಿದರು ಎಂದು ಪಕ್ಕದ ಮನೆಯ ಗುಲಾಬಿಯ ಹತ್ತಿರ ಹೇಳಿದರಂತೆ. ಆ ಮಾತು ಲತೇಶನ ಕಿವಿಗೂ ಬಂತು.

ಅವನು ಸುಮ್ಮನೆ ಕೂರಲಿಲ್ಲ. ಬೀಗ ತೆಗೆಯುವ ಉಪಾಯ ಹುಡುಕಿದ, ಬೆಂಗಳೂರಿಗೆ ಹಾರ್ಡ್‌ಡಿಸ್ಕ್ ಕಳಿಸಿದ, ಭವ್ಯಶ್ರೀ ಪಾಠ ಮಾಡಿದ್ದ ಮಕ್ಕಳ ಮನೆಗಳನ್ನು ಹುಡುಕಿಕೊಂಡು ಹೋದ. ಬೀಗ ತೆರೆಯಲಿಲ್ಲ, ಮಕ್ಕಳ ಮನೆಯವರೆಲ್ಲ ಫೋನು ಬದಲಾಯಿಸಿ ಆಗಿತ್ತು. ಎಲ್ಲ ಮಾಡಿದ, ಮಾಡಬೇಕಾದ್ದೊಂದನ್ನು ಬಿಟ್ಟು. ಹೇಳಿಬಿಡುತ್ತೇನೆ ಎಂದು ಮೂರು ಸಲ ಕುದ್ರೋಳಿಯ ಓಣಿಯವರೆಗೆ ಹೋದ, ಸ್ಕೂಟರ್ ತಿರುಗಿಸಿಕೊಂಡು ಬಂದ. ಅಂಗಡಿಗೆ ಬಂದವರ ಹತ್ತಿರ ಆ ಅಳುವಿನ ಪ್ರಶ್ನೆ ಕೇಳುವುದನ್ನೂ ಬಿಟ್ಟ.

ಒಂದು ದಿನ ಚೆನ್ನಪ್ಪಣ್ಣನೇ ಎರಡು ಬಸ್ಸು ಹತ್ತಿ ಪಡೀಲಿಗೆ ಬಂದರು. ತುಂಬಾ ಸೊರಗಿದ್ದರು. ಸ್ಟೂಲಿನ ಮೇಲೆ ಕೂತು, ಕಿಸೆಯಿಂದ ಒಂದು ಹಾಳೆ ತೆಗೆದರು. ಆ ದಿನ ಕಂಪ್ಯೂಟರಿನಲ್ಲಿ ತಾವು ಮಾಡಿದ್ದನ್ನೆಲ್ಲ ಒಂದರ ಕೆಳಗೆ ಒಂದು ನೆನಪು ಮಾಡಿ ಬರೆದಿದ್ದರು.

"ಇದರಲ್ಲಿ ತಪ್ಪಿದ್ದು ಎಲ್ಲಿ ಅಂತ ಒಂದು ಗೀಟು ಹಾಕಿ ಕೊಡು ಲತೇಶ. ಅವಳು ಮಾತಾಡುವುದಿಲ್ಲ, ತೊಂದರೆ ಇಲ್ಲ. ಯಾವುದಕ್ಕೆ ಮಾತಾಡುವುದಿಲ್ಲ ಅಂತ ನನಗೆ ಗೊತ್ತಾಗ್ಬೇಕಲ್ಲ."

ನಿಜ ಸಂಗತಿ ಲತೇಶನ ನಾಲಿಗೆ ತುದಿಗೆ ಬಂದಿತ್ತು. ಅಷ್ಟರಲ್ಲಿ ಪ್ರಿಂಟರ್ ಹೊತ್ತುಕೊಂಡು ಯೂಸ್ಟೇಸ್ ಎಂಬ ಗಿರಾಕಿ ಒಳಗೆ ಬಂದ, ಇವನಿಗೆ ಅದೇ ಒಂದು ನೆವ ಆಯಿತು. "ಹಾಳೆ ಇಲ್ಲೇ ಇರಲಿ, ನೋಡಿ ಹೇಳ್ತೇನೆ ಚೆನ್ನಪ್ಪಣ್ಣ, ಈ ಆದಿತ್ಯವಾರ ನಾನೇ ಮನೆಗೆ ಬರ್ತೇನೆ" ಎಂದ. ಅವರು ತಲೆಯಾಡಿಸಿ ಹೊರಟರು. ಆದಿತ್ಯವಾರ ಬರುವ ಮೊದಲು, ಶುಕ್ರವಾರ ಬೆಳಿಗ್ಗೆ, ಸ್ನಾನಕ್ಕೆ ಹೋದ ಚೆನ್ನಪ್ಪಣ್ಣ ಬಚ್ಚಲಿನಲ್ಲೇ ಕುಸಿದು ತೀರಿಕೊಂಡರು. ಮುದ್ದಕ್ಕ ಮಾತು ಬಿಟ್ಟು ಆಗ ಏಳು ತಿಂಗಳು.

ಹದಿಮೂರನೆಯ ದಿನ ಬೊಜ್ಜ, ಉತ್ತರಕ್ರಿಯೆ. ನಮ್ಮ ಕಡೆ ಆ ಸಂಜೆ ತೀರಿಹೋದವರಿಗೆ ಬಡಿಸುವ ಕ್ರಮ ಉಂಟು. ಕೋಣೆಯೊಳಗೆ ಬಾಳೆ ಎಲೆ ಹಾಕಿ, ಅವರಿಗೆ ಇಷ್ಟದ್ದನ್ನೆಲ್ಲ ಬಡಿಸಿ, ದೀಪ ಇಟ್ಟು ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ನಿಲ್ಲುವುದು. ಮನೆಯವರು ಬಾಗಿಲಿಗೆ ಮುಖಮಾಡಿ, ನಮ್ಮಿಂದ ತಪ್ಪಾಗಿದ್ದರೆ ಹೊಟ್ಟೆಗೆ ಹಾಕಿಕೊಂಡು ಉಣ್ಣಿ ಎಂದು ಹೇಳುವುದು. ಸ್ವಲ್ಪ ಹೊತ್ತು ಬಿಟ್ಟು ತಟ್ಟಿ ತೆರೆಯುವುದು. ಆಮೇಲೆ ಉಳಿದವರ ಊಟ.

ಬಡಿಸುವ ಮೊದಲು ಲತೇಶ ಹಿಂದಿನ ಬಾಗಿಲಿನಿಂದ ಅಡುಗೆಮನೆಗೆ ಹೋದ. ಮುದ್ದಕ್ಕ ಬಂಗುಡೆ ಮೀನಿನ ಪುಳಿಮುಂಚಿ ಸಾರನ್ನು ಪಾತ್ರೆಗೆ ಬಗ್ಗಿಸುತ್ತಿದ್ದರು. ನಿಂತಲ್ಲೇ ಎಲ್ಲವನ್ನೂ ಹೇಳಿದ. ಫೋಲ್ಡರಿನದ್ದು, ಅವಸರದ್ದು, ಅಳಿಸಿದ ಸಾಲಿನದ್ದು, ಹಾಳೆಯದ್ದು. ಮುದ್ದಕ್ಕನಿಗೆ ಫೋಲ್ಡರ್ ಅರ್ಥವಾಗದೆ ಇದ್ದಿರಬಹುದು. ಬೇಕಾದ್ದು ಅರ್ಥವಾಯಿತು.

"ಅವರಿಗೆ ಗೊತ್ತಿತ್ತಾ ಇದು?"

"ಇಲ್ಲ ಅಕ್ಕ."

"ನೀನು ಹೇಳ್ಲಿಲ್ಲ."

"ಹೇಳ್ಲಿಲ್ಲ."

ಮುದ್ದಕ್ಕ ಅವನನ್ನು ಬೈಯಲಿಲ್ಲ. ಬೈದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಸೌಟು ಕೆಳಗಿಟ್ಟು, ಪಾತ್ರೆ ಎತ್ತಿಕೊಂಡು ಕೋಣೆಗೆ ಹೋದರು, ಬಡಿಸಿದರು, ಬಾಗಿಲು ಎಳೆದುಕೊಂಡು ಹೊರಗೆ ಬಂದರು. ನಲವತ್ತು ಜನ ನಿಂತಿದ್ದರು. ಮುದ್ದಕ್ಕನ ಅಣ್ಣ, "ಹೇಳು ತಂಗಿ" ಎಂದರು. ಮುದ್ದಕ್ಕ ಬಾಯಿ ತೆರೆದರು. ಸ್ವರ ಬರಲಿಲ್ಲ. ಮತ್ತೊಮ್ಮೆ ತೆರೆದರು. ಆಮೇಲೆ ತಿರುಗಿ, ಗೋಡೆಗೆ ಒತ್ತಿಕೊಂಡು ನಿಂತಿದ್ದ ಲತೇಶನನ್ನು ನೋಡಿದರು.

"ನೀನು ಹೇಳು. ನನಗೆ ಅವರ ಹತ್ತಿರ ಮಾತಾಡಿ ಅಭ್ಯಾಸ ತಪ್ಪಿದೆ."

ಲತೇಶ ಮುಂದೆ ಬಂದು ಬಾಗಿಲಿನೆದುರು ನಿಂತ. ತಪ್ಪು ಯಾರದ್ದು, ಎಲ್ಲಿ ಆದದ್ದು, ಯಾಕೆ ಬಾಯಿ ಮುಚ್ಚಿಕೊಂಡೆ, ಎಲ್ಲವನ್ನೂ ಅಷ್ಟು ಜನ ಗಿರಾಕಿಗಳ ಮುಂದೆ ಹೇಳಿದ. ಮಧ್ಯೆ ಎರಡು ಸಲ ಅಳು ಬಂದು ನಿಲ್ಲಿಸಿದ. ಯಾರೂ ಸಮಾಧಾನ ಮಾಡಲಿಲ್ಲ. ಮಾಡಬಾರದಿತ್ತು ಕೂಡ.

ಹೊತ್ತಾದ ಮೇಲೆ ಅಣ್ಣ ಬಾಗಿಲು ತಟ್ಟಿ ತೆರೆದರು. ಎಲೆಯಲ್ಲಿ ಬಡಿಸಿದ್ದು ಬಡಿಸಿದ ಹಾಗೆಯೇ ಇತ್ತು. ಮುದ್ದಕ್ಕ ಒಬ್ಬರೇ ಒಳಗೆ ಹೋಗಿ ಎಲೆಯ ಪಕ್ಕ ಕೂತರು. ಮೀನಿನ ಮುಳ್ಳು ಬಿಡಿಸುತ್ತಾ ಸಣ್ಣ ಸ್ವರದಲ್ಲಿ ಮಾತಾಡತೊಡಗಿದರು. ಬಾವಿಯ ಹಗ್ಗ ಸವೆದದ್ದು, ಗುಲಾಬಿಯ ಮಗಳಿಗೆ ಸಂಬಂಧ ಬಂದದ್ದು, ಏಳು ತಿಂಗಳಿನಿಂದ ಹೇಳದೆ ಉಳಿಸಿಕೊಂಡ ಮನೆಯ ಸುದ್ದಿಗಳು. ಹೊರಗೆ ನಲವತ್ತು ಜನರ ಊಟ ತಣ್ಣಗಾಗುತ್ತಿತ್ತು, ಸಾಕು ಏಳು ಎಂದು ಹೇಳುವ ಧೈರ್ಯ ಒಬ್ಬರಿಗೂ ಬರಲಿಲ್ಲ.