ಮಹಾದಂಡನಾಯಕರ ಕುರ್ಚಿ ಮತ್ತು ಹವಲ್ಲಿಯ ಥ್ರೋಬಾಲ್

ಬ್ರಿಟಿಷ್ ಭೂಸೇನೆಯ ಅತಿ ದೊಡ್ಡ ಹುದ್ದೆಯ ಚರಿತ್ರೆ ನನಗೆ ಗೊತ್ತಿದೆ. ಇದನ್ನು ಸ್ವಲ್ಪ ನಾಚಿಕೆಯಿಂದಲೇ ಹೇಳುತ್ತಿದ್ದೇನೆ. ನಾನು ಸೈನಿಕನಲ್ಲ, ಇತಿಹಾಸದ ಮೇಷ್ಟ್ರೂ ಅಲ್ಲ. ಕುವೈತಿನ ಶರ್ಕ್‌ನಲ್ಲಿ ಒಂದು ಬ್ಯಾಂಕಿನ ಕಂಪ್ಯೂಟರುಗಳನ್ನು ನೋಡಿಕೊಳ್ಳುವವನು. ಇದುವರೆಗೆ ನನ್ನ ಕೈಕೆಳಗೆ ಒಬ್ಬ ಮನುಷ್ಯನೂ ಕೆಲಸ ಮಾಡಿಲ್ಲ. ಬಹುಶಃ ಅದಕ್ಕೇ ದೊಡ್ಡ ಹುದ್ದೆಗಳ ಕಥೆ ಓದುವ ಚಟ ಅಂಟಿಕೊಂಡಿರಬೇಕು. ಇಲ್ಲಿ ಬೇಸಿಗೆಯಲ್ಲಿ ಹೊರಗೆ ಕಾಲಿಡುವುದೆಂದರೆ ಉರಿಯುವ ಒಲೆಯೊಳಗೆ ಕಾಲಿಟ್ಟಂತೆ. ಹವಲ್ಲಿ ಬಡಾವಣೆಯ ನಮ್ಮ ಹಳೆಯ ಫ್ಲಾಟಿನಲ್ಲಿ ಎ.ಸಿ. ಗೊರಗೊರ ಅನ್ನುತ್ತಿರುತ್ತದೆ, ನಾನು ಸೋಫಾದ ಮೇಲೆ ಕಾಲು ಚಾಚಿ ಲಂಡನ್ನಿನ ಜನರಲ್ಲುಗಳ ಜಗಳ ಓದುತ್ತಿರುತ್ತೇನೆ. "ಅವರ ಕುರ್ಚಿ ಮೇಲೆ ಯಾರು ಕೂತರೇನು, ನೀವು ಕೂತು ಕೂತು ಈ ಸೋಫಾ ತಗ್ಗಿದೆ ನೋಡಿ" ಎನ್ನುತ್ತಾಳೆ ನನ್ನ ಹೆಂಡತಿ ಸುಧಾ.

ನನಗೆ ಮನುಷ್ಯರ ಚರಿತ್ರೆಗಿಂತ ಹುದ್ದೆಗಳ ಚರಿತ್ರೆಯೇ ರುಚಿ. ಮನುಷ್ಯ ಒಮ್ಮೆ ಸತ್ತರೆ ಮುಗಿಯಿತು. ಹುದ್ದೆ ಹಾಗಲ್ಲ, ಅಂಗಿ ಬದಲಿಸುತ್ತದೆ, ಹೆಸರು ಬದಲಿಸುತ್ತದೆ, ನಡುವೆ ಒಂದಷ್ಟು ಕಾಲ ಮಲಗಿಬಿಡುತ್ತದೆ, ಮತ್ತೆ ಮೈಮುರಿದು ಏಳುತ್ತದೆ. ಇಂಗ್ಲೆಂಡಿನಲ್ಲಿ ಹಿಂದೆ ಸೇನೆಗೆ ರಾಜನೇ ದಂಡನಾಯಕ. ಒಮ್ಮೆ ಅಲ್ಲಿಯವರು ರಾಜನ ತಲೆಯನ್ನೇ ತೆಗೆದು, ಕೆಲವು ವರ್ಷ ರಾಜನಿಲ್ಲದೆ ಬದುಕಿ ನೋಡಿ, ಸರಿಹೋಗದೆ ಅವನ ಮಗನನ್ನು ಕರೆತಂದು ಕೂರಿಸಿದರು. ಆ ಹೊತ್ತಿಗೆ ಕಮಾಂಡರ್-ಇನ್-ಚೀಫ್ ಎಂಬ ದೊಡ್ಡ ಕುರ್ಚಿಯೂ ತಯಾರಾಗಿತ್ತು. ಆ ಕುರ್ಚಿ ಕೆಲವು ಸಲ ವರ್ಷಗಟ್ಟಲೆ ಖಾಲಿ ಬಿದ್ದದ್ದೂ ಉಂಟು. ಸೇನೆ ಮಾತ್ರ ಉಂಡುಕೊಂಡು, ಕವಾಯತು ಮಾಡಿಕೊಂಡು ಇದ್ದೇ ಇತ್ತು. ನಮ್ಮ ಮೈಸೂರಿನಲ್ಲೂ ದಳವಾಯಿ ಎಂಬ ಹುದ್ದೆ ಇತ್ತಲ್ಲ. ಒಂದು ಕಾಲದಲ್ಲಿ ಸಿಂಹಾಸನದ ಮೇಲೆ ಅರಸರು, ಅರಸರ ಮೇಲೆ ದಳವಾಯಿ.

ಯಾರಿಗೂ ಬೇಡವಾಗಿದ್ದ ಈ ವಿದ್ಯೆ ಹೋದ ಚಳಿಗಾಲದಲ್ಲಿ ಕೆಲಸಕ್ಕೆ ಬಂತು.

ಹವಲ್ಲಿಯಲ್ಲಿ ಕನ್ನಡದ ಹೆಂಗಸರದೊಂದು ಥ್ರೋಬಾಲ್ ತಂಡವಿದೆ. ಚಳಿಗಾಲ ಬಂತೆಂದರೆ ಕುವೈತಿನ ಕನ್ನಡಿಗರೆಲ್ಲ ಸೇರಿ ಶಾಲೆಯೊಂದರ ಒಳಾಂಗಣ ಬಾಡಿಗೆಗೆ ಹಿಡಿದು ಪಂದ್ಯಾವಳಿ ನಡೆಸುತ್ತಾರೆ. ಪ್ರತಿ ಸಲವೂ ಫೈನಲ್ ನಡೆಯುವುದು ನಮಗೂ ದಕ್ಷಿಣದ ಬಡಾವಣೆಯಾದ ಮಂಗಫ್‌ನವರಿಗೂ. ಪ್ರತಿ ಸಲವೂ ಗೆಲ್ಲುತ್ತಿದ್ದದ್ದು ಮಂಗಫ್. ಅವರೆಲ್ಲ ತೈಲ ಸಂಸ್ಕರಣಾಗಾರದ ಕಡೆಯವರು. ಒಂದೇ ಬಣ್ಣದ ಟೀ ಶರ್ಟು ಹಾಕಿ, ಒಂದೇ ಬಸ್ಸಿನಲ್ಲಿ ಬಂದು, ಒಟ್ಟಿಗೆ ಇಳಿಯುವಾಗಲೇ ಅರ್ಧ ಪಂದ್ಯ ಗೆದ್ದಿರುತ್ತಾರೆ. ನಮ್ಮವರು ಒಬ್ಬೊಬ್ಬರಾಗಿ ಪಾರ್ಕಿಂಗ್ ಹುಡುಕಿಕೊಂಡು ಬರುತ್ತಾರೆ. ನೀರಿನ ಬಾಟಲಿಗಳ ಕಟ್ಟು ಹೊರುವುದು ನನ್ನ ಕೆಲಸ.

ತಂಡವನ್ನು ಕಟ್ಟಿದವರು ವಿಜಯಕ್ಕ. ಕಟ್ಟಿದಂದಿನಿಂದ ನಾಯಕಿಯೂ ಅವರೇ. ಮೈಸೂರಿನವರು, ಇಲ್ಲಿನ ಆಸ್ಪತ್ರೆಯೊಂದರ ಲ್ಯಾಬಿನ ಮುಖ್ಯಸ್ಥೆ, ಅರವತ್ತರ ಹತ್ತಿರ. ನಮ್ಮ ಮಗಳು ಹುಟ್ಟಿದಾಗ ಊರಿನಿಂದ ಯಾರಿಗೂ ವೀಸಾ ಸಿಗಲಿಲ್ಲ. ವಿಜಯಕ್ಕ ಡ್ಯೂಟಿ ಮುಗಿಸಿ ನೇರ ನಮ್ಮ ಮನೆಗೆ ಬಂದು ಮಗುವಿಗೆ ಎರೆದು, ಬಾಣಂತಿಗೆ ಮೆಣಸಿನ ಸಾರು ಮಾಡಿಟ್ಟು ಹೋಗುತ್ತಿದ್ದರು. ಇಂಥ ಋಣ ಹವಲ್ಲಿಯಲ್ಲಿ ಎಷ್ಟೋ ಮನೆಗಳಿಗಿದೆ. ಆದ್ದರಿಂದ ಅದರ ಹಿಂದಿನ ವರ್ಷದ ಫೈನಲ್ಲಿನಲ್ಲಿ ಕೊನೆಯ ಸೆಟ್ಟಿನ ಚೆಂಡು ಅವರ ಕೈಯಿಂದ ಜಾರಿದಾಗ, ಮಂಡಿ ಮಡಚಲಾಗದೆ ಮತ್ತೊಂದು ಚೆಂಡೂ ಹೋದಾಗ, ಯಾರೂ ತುಟಿ ಬಿಚ್ಚಲಿಲ್ಲ. "ಲೈಟು ಕಣ್ಣಿಗೆ ಹೊಡೀತು" ಎಂದರು ಅಕ್ಕ. ನಾವೆಲ್ಲ ತಲೆಯೆತ್ತಿ ಲೈಟು ನೋಡಿ, ಹೌದು ಅಂದೆವು.

ಮಂಡಿಯೊಂದೇ ಆಗಿದ್ದರೆ ಸಹಿಸಬಹುದಿತ್ತು. ಅಕ್ಕನಿಗೆ ಹೊಸದು ಎಂದರೆ ಆಗದು. ಯಾರು ಎಲ್ಲಿ ನಿಲ್ಲಬೇಕು ಎಂಬುದು ತಂಡ ಹುಟ್ಟಿದ ದಿನವೇ ನಿಗದಿಯಾಗಿಹೋಗಿತ್ತು. ಝುಹ್ರಾ ಎಂಬ ಬ್ಯಾರಿ ಹುಡುಗಿಯೊಬ್ಬಳು ತಂಡದಲ್ಲಿದ್ದಾಳೆ. ಉಳ್ಳಾಲದವಳು, ಟ್ರಾವೆಲ್ ಆಫೀಸಿನಲ್ಲಿ ಕೆಲಸ. ಅವಳಂತೆ ಚೆಂಡೆಸೆಯುವವರು ಮಂಗಫ್‌ನಲ್ಲೂ ಇಲ್ಲ. ಅವಳು ಸೇರಿ ಮೂರು ವರ್ಷವಾದರೂ ಅಕ್ಕನ ಲೆಕ್ಕದಲ್ಲಿ ಹೊಸಬಳು. ಹಿಂದಿನ ಮೂಲೆಯಲ್ಲೇ ನಿಂತಿರುತ್ತಿದ್ದಳು.

ಹೋದ ಚಳಿಗಾಲದ ಪಂದ್ಯಾವಳಿಗೆ ತಿಂಗಳಿರುವಾಗ ತಂಡದವರೆಲ್ಲ ನಮ್ಮ ಮನೆಯಲ್ಲಿ ಸೇರಿದರು, ಅಕ್ಕನೊಬ್ಬರನ್ನು ಬಿಟ್ಟು. ಟೀ ಆರಿತು. ಕೊನೆಗೆ ಝುಹ್ರಾ ಬಾಯಿಬಿಟ್ಟಳು.

"ಕ್ಯಾಪ್ಟನ್ಸಿ ಬಿಡಿ ಅಂತ ಅಕ್ಕನಿಗೆ ಹೇಳುದು ಯಾರು ಮಾರಾಯ್ರೆ? ನನ್ನಿಂದ ಆಗ್ಲಿಕ್ಕಿಲ್ಲ. ನನ್ನ ಇಕಾಮಾ ಪರ್ಮಿಟ್ ತಡ ಆಗಿ ಕೆಲಸ ಇಲ್ಲದೆ ಕೂತಾಗ ಅವರ ಮನೆಯಲ್ಲೇ ಊಟ ಮಾಡಿದ್ದು ನಾನು."

"ನಮ್ಮನೆಯವರು ಹೇಳ್ತಾರೆ ಬಿಡಿ" ಎಂದಳು ಸುಧಾ. "ಏನು ಕೇಳಿದ್ರೂ ಇವರು ಲಂಡನ್ ಸುತ್ತಿ ಬಂದೇ ಉತ್ತರ ಕೊಡೋದು. ಸುತ್ತಿ ಬಳಸಿ ಹೇಳೋಕೆ ಇವರಿಗಿಂತ ಯಾರು ಬೇಕು?"

ಸಭೆ ಒಪ್ಪಿತು. ಹೊರಲಾಗದ್ದನ್ನು ನೀರು ಹೊರುವವನ ಹೆಗಲಿಗೇ ಹಾಕುವುದು ಲೋಕರೂಢಿ.

ಗುರುವಾರ ಸಂಜೆ ವಿಜಯಕ್ಕನ ಮನೆಗೆ ಹೋದೆ. ಬಾಗಿಲು ತೆರೆದವರೇ, "ಏನಪ್ಪ ರಘು, ಒಬ್ಬನೇ?" ಎಂದರು.

"ಸುಮ್ಮನೆ ಅಕ್ಕ."

"ಸುಮ್ಮನೆ ಬರೋನಲ್ಲ ನೀನು. ಕೂತ್ಕೋ, ಕೋಡುಬಳೆ ಮಾಡಿದ್ದೀನಿ."

ಕೋಡುಬಳೆ ಮುರಿಯುತ್ತ ನಾನು ರಾಜನ ತಲೆ ಹೋದಲ್ಲಿಂದ ಶುರು ಮಾಡಿದೆ. ಅಕ್ಕ ಕಾಫಿ ಕುಡಿಯುತ್ತ ಕೇಳಿದರು. ವಿಕ್ಟೋರಿಯಾ ರಾಣಿಯ ಕಾಲಕ್ಕೆ ಬರುವಾಗ ನನ್ನ ಎರಡನೆಯ ಕೋಡುಬಳೆ ಮುಗಿದಿತ್ತು.

"ರಾಣಿಯ ಚಿಕ್ಕಪ್ಪನ ಮಗ ಒಬ್ಬರಿದ್ದರು ಅಕ್ಕ. ಹತ್ತಿರ ಹತ್ತಿರ ನಲವತ್ತು ವರ್ಷ ಆ ಕುರ್ಚಿಯಲ್ಲಿ ಅವರೇ."

"ಕೆಟ್ಟೋನಾ?"

"ಇಲ್ಲ. ಸಿಪಾಯಿಗಳ ಊಟ, ವಸತಿ ಎಲ್ಲ ವಿಚಾರಿಸಿಕೊಳ್ಳೋ ಮನುಷ್ಯ. ಜನಕ್ಕೆ ಪ್ರೀತಿ ಇತ್ತು. ಆದರೆ ಬದಲಾವಣೆ ಅಂದ್ರೆ ಆಗ್ತಿರಲಿಲ್ಲ."

ಅಕ್ಕ ಲೋಟ ಕೆಳಗಿಟ್ಟರು. "ಕೊನೆಗೆ ಯಾರು ಹೇಳಿದ್ರು ಅವನಿಗೆ, ಸಾಕು ಇಳಿ ಅಂತ?"

"ರಾಣಿಯೇ ಹೇಳಬೇಕಾಯ್ತು."

"ಅವನ ಜೊತೇಲೇ ಹೋಯ್ತಾ ಕುರ್ಚಿ?"

"ಇಲ್ಲ, ಇನ್ನೊಂದಿಬ್ಬರು ಕೂತರು. ಆಮೇಲೆ ದಕ್ಷಿಣ ಆಫ್ರಿಕಾದಲ್ಲಿ ಯುದ್ಧ ಆಯ್ತು. ಗೆದ್ದರು, ಆದರೆ ಮಾನ ಹೋಗೋ ಹಾಗೆ ಏಟು ತಿಂದು ಗೆದ್ದರು. ಆಗ ಮೂರು ಜನರ ಸಮಿತಿ ಕೂತು, ಕುರ್ಚಿಯಲ್ಲಿ ಯಾರನ್ನ ಕೂರಿಸೋದು ಅಂತ ಯೋಚಿಸೋ ಬದಲು ಕುರ್ಚಿಯನ್ನೇ ತೆಗೆಯೋಣ ಅಂದಿತು."

"ಕುರ್ಚಿಯನ್ನೇ?" ಅಕ್ಕ ಮುಂದೆ ಬಾಗಿದರು. "ಮತ್ತೆ ಸೈನ್ಯಕ್ಕೆ ಯಾರು ದಿಕ್ಕು?"

"ಒಂದು ಮಂಡಳಿ. ಅದರಲ್ಲಿ ಮೊದಲಿಗ, ಜನರಲ್ ಸ್ಟಾಫಿನ ಮುಖ್ಯಸ್ಥ. ಅವನು ಕುದುರೆ ಹತ್ತಿ ಮುಂದೆ ಹೋಗೋದಲ್ಲ. ಶತ್ರು ಏನು ಮಾಡ್ತಾನೆ, ನಾವೇನು ಮಾಡಬೇಕು ಅಂತ ಮುಂಚೆಯೇ ಯೋಚನೆ ಮಾಡಿ ಇಡೋದು ಅವನ ಕೆಲಸ. ನಡುವೆ ಆ ಹೆಸರಿಗೆ ಸಾಮ್ರಾಜ್ಯ ಅನ್ನೋ ಬಾಲ ಸೇರಿಸಿದರು. ಸಾಮ್ರಾಜ್ಯ ಹೋದ ಮೇಲೆ ಬಾಲವನ್ನೂ ಕತ್ತರಿಸಿದರು. ಈಗಲೂ ಅದೇ ಹುದ್ದೆ."

"ಬರೀ ದೊಡ್ಡ ಮನೆತನದೋರೇ ಬರೋದಾ ಅದಕ್ಕೆ?"

"ಇಲ್ಲ ಅಕ್ಕ. ದೊಡ್ಡವರ ಮನೆಯಲ್ಲಿ ಆಳಾಗಿದ್ದು, ಆಮೇಲೆ ಸಾಮಾನ್ಯ ಸಿಪಾಯಿಯಾಗಿ ಸೇರಿದವನೊಬ್ಬ ಮೊದಲನೇ ಮಹಾಯುದ್ಧದ ನಡುವೆ ಅದೇ ಹುದ್ದೆಗೆ ಬಂದ."

ಅಕ್ಕ ಕೋಡುಬಳೆಯ ತಟ್ಟೆಯನ್ನು ನನ್ನ ಕಡೆಗೆ ಸರಿಸಿದರು. ಕೆಳಗಿನ ಮೊಬೈಲ್ ಅಂಗಡಿಯವನು ಮಧ್ಯಾಹ್ನ ಮುಚ್ಚಿದ್ದ ಶಟರ್ ಎತ್ತಿದ ಸದ್ದಾಯಿತು.

"ನಿನ್ನನ್ನ ಕಳಿಸಿದ್ದು ಸುಧಾ ಒಬ್ಬಳೇನಾ, ಎಲ್ಲರೂ ಸೇರಿನಾ?"

ನಾನು ತಲೆ ತಗ್ಗಿಸಿ, "ಎಲ್ಲರೂ" ಎಂದೆ.

ಅವರು ಎದ್ದು ಲೋಟ ತೊಳೆಯಲು ಒಳಗೆ ಹೋದರು. ಎರಡು ಲೋಟ ತೊಳೆಯುವುದಕ್ಕೆ ಅಷ್ಟು ಹೊತ್ತು ಹಿಡಿಯುವುದಿಲ್ಲ. ಹೊರಗೆ ಬಂದಾಗ ಕೈಯಲ್ಲಿ ಡಬ್ಬಿಯಿತ್ತು. "ಸುಧಾಗೆ ಕೋಡುಬಳೆ ಇಷ್ಟ" ಎಂದು ಕೊಟ್ಟು, ನಾನು ಮೆಟ್ಟಿಲಿಳಿಯುವ ಮೊದಲೇ ಬಾಗಿಲು ಹಾಕಿಕೊಂಡರು. ಅದುವರೆಗೆ ಪ್ರತಿ ಸಲವೂ ನಾನು ಕಣ್ಮರೆಯಾಗುವ ತನಕ ಬಾಗಿಲಲ್ಲೇ ನಿಲ್ಲುತ್ತಿದ್ದವರು.

ಮರುದಿನದ ಅಭ್ಯಾಸಕ್ಕೆ ಅಕ್ಕ ಬರಲಿಲ್ಲ. ಫೋನೂ ಎತ್ತಲಿಲ್ಲ. ನಮ್ಮವರು ಚೆಂಡು ಹಿಡಿದುಕೊಂಡು ಸುಮ್ಮನೆ ನಿಂತರು. ಸುಧಾ ಮನೆಗೆ ಬಂದು ಕೋಡುಬಳೆ ಡಬ್ಬಿ ತೆರೆದು, ಒಂದೂ ತಿನ್ನದೆ ಮುಚ್ಚಿದಳು. "ಗೆಲ್ಲೋ ಕಪ್ಪೇ ಬೇಡವಾಗಿತ್ತು ಕಣ್ರೀ ನಮಗೆ" ಎಂದಳು. ಆ ವಾರವಿಡೀ ನಾನು ಒಂದು ಪುಟ ಓದಲಿಲ್ಲ. ಸಾಮ್ರಾಜ್ಯದ ಕುರ್ಚಿ ತೆಗೆದವರಿಗೆ ಏನನ್ನಿಸಿತು ಎಂದು ನನ್ನ ಪುಸ್ತಕಗಳಲ್ಲಿ ಯಾರೂ ಬರೆದಿಲ್ಲ. ತೆಗೆದವರು ಮನೆಗೆ ಬಂದು ಊಟ ಬಿಟ್ಟರೋ ಏನೋ.

ಮುಂದಿನ ಶುಕ್ರವಾರ ಎಲ್ಲರಿಗಿಂತ ಮೊದಲೇ ವಿಜಯಕ್ಕ ಬಂದು ಕೂತಿದ್ದರು. ಕಾಲಲ್ಲಿ ಆಟದ ಬೂಟಿರಲಿಲ್ಲ, ಮನೆಯ ಚಪ್ಪಲಿಯಿತ್ತು.

"ಕ್ಯಾಪ್ಟನ್ ಪೋಸ್ಟು ಖಲಾಸ್" ಎಂದರು, ನಾವು ಹತ್ತಿರ ಬರುತ್ತಲೂ. "ಟಾಸ್ ಹಾಕೋಕೆ ಯಾರಾದ್ರೂ ಹೋಗಿ, ದಿನಕ್ಕೊಬ್ಬರು ಹೋಗಿ. ನಾನು ಹೊರಗೆ ಕೂತು ಯೋಚನೆ ಮಾಡೋ ಕೆಲಸ ತಗೊಂಡಿದ್ದೀನಿ. ಝುಹ್ರಾ, ನೀನು ಮುಂದಕ್ಕೆ ಬಾ."

"ಹೋದ ವಾರ ಎಲ್ಲಿಗೆ ಹೋಗಿದ್ರಿ ಅಕ್ಕ?" ಎಂದು ಸುಧಾ ಮೆಲ್ಲಗೆ ಕೇಳಿದಳು.

"ಮಂಗಫ್‌ಗೆ. ಅವರ ಪ್ರಾಕ್ಟೀಸ್ ನೋಡೋಣ ಅಂತ. ಕದ್ದು ನೋಡಲಿಲ್ಲ, ಹೇಳೇ ನೋಡಿದೆ. ಚಹಾನೂ ಕೊಟ್ಟರು, ಕುಡಿದೆ. ಆ ಎತ್ತರದ ಹುಡುಗಿ ಇದ್ದಾಳಲ್ಲ, ಹೆದರಿದಾಗೆಲ್ಲ ಎಡಮೂಲೆಗೇ ಎಸೀತಾಳೆ. ಮತ್ತೆ ಅವರೆಲ್ಲ ಜೋರು ಚೆಂಡಿಗೆ ಕಾದು ಹಿಂದೆ ನಿಂತಿರ್ತಾರೆ. ನೆಟ್ ಹತ್ತಿರ ಬಿದ್ರೆ ಓಡಿ ಬರೋರಿಲ್ಲ."

ಇಷ್ಟು ವರ್ಷ ಆಡಿದರೂ ನಮ್ಮಲ್ಲಿ ಯಾರೂ ಇದನ್ನು ಕಂಡಿರಲಿಲ್ಲ. ಅಕ್ಕನೂ ಕಂಡಿರಲಿಲ್ಲ; ಅವರ ಕಣ್ಣೆಲ್ಲ ತಮ್ಮ ಕೈಗೆ ಬರುವ ಚೆಂಡಿನ ಮೇಲಿರುತ್ತಿತ್ತು. ಆಟದಿಂದ ಹೊರಗೆ ಕೂತ ಮೇಲೆಯೇ ಅವರಿಗೆ ಆಟ ಪೂರ್ತಿ ಕಂಡದ್ದು. ಅಂದು ಎಲ್ಲರೂ ಮನೆಗೆ ಹೊರಟ ಮೇಲೆ ನಾನು ನೀರಿನ ಖಾಲಿ ಬಾಟಲಿ ಆರಿಸುತ್ತಿದ್ದೆ. ಅಕ್ಕ ಹತ್ತಿರ ಬಂದು, "ನೀನು ಹೇಳಿದ್ದು ನೋವಾಯ್ತು ಕಣೋ" ಎಂದರು. "ಬೇರೆ ಯಾರಾದ್ರೂ ಹೇಳಿದ್ರೆ ಇನ್ನೂ ನೋವಾಗ್ತಿತ್ತು."

ಫೈನಲ್ ದಿನ ಮಂಗಫ್‌ನ ಬಸ್ಸು ಬಂತು. ಒಂದೇ ಬಣ್ಣದ ಟೀ ಶರ್ಟುಗಳು ಒಟ್ಟಿಗೆ ಇಳಿದವು. ಮೊದಲ ಸೆಟ್ ಅವರೇ ಗೆದ್ದರು. ನಮ್ಮವರ ಮುಖ ಸಪ್ಪಗಾಯಿತು, ಎಲ್ಲರ ಕಣ್ಣೂ ಬೆಂಚಿನ ಕಡೆ ಹೋಯಿತು. ಅಕ್ಕ ಕೂಗಲಿಲ್ಲ, ಬೈಯಲಿಲ್ಲ. ವಿರಾಮದಲ್ಲಿ ಒಬ್ಬೊಬ್ಬರಿಗೂ ನೀರು ಕೊಟ್ಟು, ಕೊನೆಗೆ ಝುಹ್ರಾಳ ಭುಜ ತಟ್ಟಿದರು.

"ಜೋರು ಬೇಡಮ್ಮ. ಜೋರು ಎಸೀತೀಯ ಅಂತ ಅವರಿಗೆ ಗೊತ್ತು. ಕೈ ಮಾತ್ರ ಜೋರು ಬೀಸು, ಚೆಂಡನ್ನ ನೆಟ್ ದಾಟಿಸಿ ಕೆಳಗೆ ಬಿಡು."

ಝುಹ್ರಾ ಹಾರಿದಳು. ಎದುರಿನವರೆಲ್ಲ ಒಂದೊಂದು ಹೆಜ್ಜೆ ಹಿಂದೆ ಸರಿದರು. ಚೆಂಡು ಮಾತ್ರ ನೆಟ್ ದಾಟಿ, ಮರದಿಂದ ಹಣ್ಣು ಬಿದ್ದ ಹಾಗೆ ತಣ್ಣಗೆ ಬಿತ್ತು. ಒಂದು, ಮತ್ತೊಂದು. ಅವರು ಓಡಿ ಮುಂದೆ ಬರತೊಡಗಿದಾಗ ಅವಳು ನಿಜವಾಗಿಯೇ ಜೋರು ಎಸೆದಳು. ಎರಡನೇ ಸೆಟ್ ನಮ್ಮದಾಯಿತು. ಮೂರನೆಯದರಲ್ಲಿ ಎರಡೂ ತಂಡ ಸರಿಸಮವಾಗಿ ಬಂದವು. ನಮಗೆ ಗೆಲ್ಲಲು ಒಂದೇ ಅಂಕ ಬೇಕಿದ್ದಾಗ ಚೆಂಡು ಆ ಎತ್ತರದ ಹುಡುಗಿಯ ಕೈಗೆ ಹೋಯಿತು. ನಮ್ಮ ಎಡಮೂಲೆಯಲ್ಲಿ ಸುಧಾ ಆಗಲೇ ಕೈಚಾಚಿ ಕಾದು ನಿಂತಿದ್ದಳು. ಚೆಂಡು ಮನೆಗೆ ಬರುವ ಮಗುವಿನ ಹಾಗೆ ನೇರ ಅವಳ ಎರಡು ಕೈಯೊಳಗೆ ಬಂದು ಕೂತಿತು. ಅವಳು ಹಿಡಿದ ಉಸಿರಲ್ಲೇ ತಿರುಗಿಸಿ ಎಸೆದಳು, ಅದು ಅವರ ಕಡೆಯ ನೆಲ ಮುಟ್ಟಿತು. ಆಮೇಲೆ ಆ ಒಳಾಂಗಣದಲ್ಲಿ ಎದ್ದ ಕನ್ನಡ, ತುಳು, ಬ್ಯಾರಿ ಕೂಗಿನಲ್ಲಿ ಯಾವುದು ಯಾರದೆಂದು ತಿಳಿಯಲಿಲ್ಲ. ಕಾಲೇಜಿಗೆ ಹೋಗುವ ನನ್ನ ಮಗಳು, ಮನೆಯಲ್ಲಿ ಎಲ್ಲದಕ್ಕೂ ಇಂಗ್ಲಿಷಿನಲ್ಲೇ ಉತ್ತರಿಸುವವಳು, "ಅಮ್ಮಾ, ಗೆದ್ವಿ ಕಣೇ" ಎಂದು ಕುಣಿಯುತ್ತಿದ್ದಳು. ನಾನು ನೀರಿನ ಬಾಟಲಿಗಳ ಮೇಲೆ ಕೂತು ಅತ್ತೆ. ಲೈಟು ಕಣ್ಣಿಗೆ ಹೊಡೀತಾ ಎಂದು ಯಾರೂ ಕೇಳಲಿಲ್ಲ.

ಬಹುಮಾನ ಕೊಡುವಾಗ ಸಣ್ಣ ಗಲಿಬಿಲಿಯಾಯಿತು. ಹವಲ್ಲಿಯ ನಾಯಕಿ ಬರಬೇಕು ಎಂದು ಮೈಕಿನಲ್ಲಿ ಕರೆದರು. ನಮ್ಮವರು ಒಬ್ಬರ ಮುಖ ಒಬ್ಬರು ನೋಡಿದರು. ಮತ್ತೊಮ್ಮೆ ಕರೆದರು. ಆಡಿದ ಏಳೂ ಜನ ಒಟ್ಟಿಗೆ ವೇದಿಕೆಗೆ ಹೋಗಿ, ಕಪ್ಪಿಗೆ ಹದಿನಾಲ್ಕು ಕೈ ಹಾಕಿ ಎತ್ತಿದರು. ಅಕ್ಕನನ್ನು ಎಳೆದುಕೊಂಡು ಬರಲು ಝುಹ್ರಾ ಕೆಳಗೆ ಓಡಿದಳು. ಅವರು ಒಪ್ಪಲಿಲ್ಲ, ನನ್ನ ಫೋನು ಕಿತ್ತುಕೊಂಡು, ಫೋಟೊ ನಾನು ತೆಗೀತೀನಿ, ನೀನೂ ಹೋಗಿ ನಿಲ್ಲು ಎಂದು ನನ್ನನ್ನೂ ತಳ್ಳಿದರು. ಸುಧಾ ಒಂಚೂರು ಎಡಕ್ಕೆ, ಝುಹ್ರಾ ಗಲ್ಲ ಮೇಲೆ, ರಘು ಹೊಟ್ಟೆ ಒಳಕ್ಕೆ ಎಂದು ಒಬ್ಬೊಬ್ಬರನ್ನೂ ತಿದ್ದಿ, ಎಲ್ಲರೂ ನಗುವ ತನಕ ಬಿಡಲಿಲ್ಲ.

ಆ ಫೋಟೊ ಈಗ ನಮ್ಮ ಹಜಾರದಲ್ಲಿದೆ. ನನ್ನ ತಲೆ ಅರ್ಧ ಕತ್ತರಿಸಿಹೋಗಿದೆ. ವಿಜಯಕ್ಕ ಅದರಲ್ಲಿ ಎಲ್ಲೂ ಇಲ್ಲ. ಆದರೆ ನಿಂತವರ ಕಣ್ಣುಗಳನ್ನು ನೋಡಿದರೆ ಸಾಕು, ಎಲ್ಲರೂ ನೋಡುತ್ತಿರುವುದು ಅವರನ್ನೇ.